ಎಷ್ಟು ಕುಡಿದರೂ ಏರದವನ ದೇಹದಲ್ಲಿ

ಕಕ್ಕಡ ತಿಂಗಳ ಮಳೆಗೆ ಮೂರು ದಿನ ಹೋಗಿದ್ದ ಕರೆಂಟು ನಾಲ್ಕನೆಯ ದಿನ ಸಂಜೆ ಬಂದಾಗ, ಮಡಿಕೇರಿಯ ನಮ್ಮ ಮನೆಯಲ್ಲಿ ತಮ್ಮನ ಮಗನ ಒತ್ತಾಯಕ್ಕೆ ‘ದಿ ಡೋರ್ಸ್’ ಚಿತ್ರವನ್ನು ನೋಡಿದೆವು. ಆಲಿವರ್ ಸ್ಟೋನ್ ನಿರ್ದೇಶಿಸಿ 1991ರಲ್ಲಿ ತೆರೆಗೆ ಬಂದ ಈ ಚಿತ್ರದಲ್ಲಿ ರಾಕ್ ಗಾಯಕ ಜಿಮ್ ಮಾರಿಸನ್‌ನ ಪಾತ್ರವನ್ನು ವ್ಯಾಲ್ ಕಿಲ್ಮರ್ ವಹಿಸಿದ್ದಾರೆ. 1965ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತಂಡ ಕಟ್ಟಿ, ಎರಡೇ ವರ್ಷಗಳಲ್ಲಿ ಅಮೆರಿಕದಾದ್ಯಂತ ಹೆಸರಾಗಿ, 1971ರ ಜುಲೈ 3ರಂದು ಪ್ಯಾರಿಸ್‌ನ ಮನೆಯೊಂದರ ಸ್ನಾನದ ತೊಟ್ಟಿಯಲ್ಲಿ, 27ನೆಯ ವಯಸ್ಸಿನಲ್ಲಿ, ಶವವಾಗಿ ಸಿಕ್ಕವನ ಕಥೆ ಅದು. ಚಿತ್ರದ ನಡುವೆ ಹುಡುಗ, “ದೊಡ್ಡಪ್ಪ, ಅಷ್ಟು ಕುಡಿದೂ ನಿಂತು ಹಾಡ್ತಾನಲ್ಲ, ಎಂಥ ಗಟ್ಟಿ ದೇಹ!” ಎಂದ. ಅವನ ದನಿಯಲ್ಲಿದ್ದ ಮೆಚ್ಚುಗೆ ನನ್ನನ್ನು ಕಾಡಿತು. ಅದೇ ಮೆಚ್ಚುಗೆಯ ಮಾತನ್ನು ನಮ್ಮ ಮದುವೆಮನೆಗಳಲ್ಲಿ ನಾನು ಎಷ್ಟೋ ಬಾರಿ ಕೇಳಿದ್ದೇನೆ.

ಎಷ್ಟು ಕುಡಿದರೂ ಏರದಿರುವುದು ದೇಹದ ಗಟ್ಟಿತನವಲ್ಲ, ಮಿದುಳು ಮಾಡಿಕೊಂಡಿರುವ ಹೊಂದಾಣಿಕೆ. ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಮದ್ಯ ಹೆಚ್ಚಿಸುತ್ತದೆ, ಅವುಗಳನ್ನು ಉದ್ರೇಕಿಸುವ ಗ್ಲುಟಮೇಟ್‌ನ ಪರಿಣಾಮವನ್ನು ತಗ್ಗಿಸುತ್ತದೆ. ದಿನವೂ ಹೀಗೆ ಆಗುತ್ತಿದ್ದರೆ ಮಿದುಳು ಸುಮ್ಮನಿರುವುದಿಲ್ಲ. ಗಾಬಾಕ್ಕೆ ತಾನು ಸ್ಪಂದಿಸುವುದನ್ನು ಕಡಿಮೆ ಮಾಡಿ, ಗ್ಲುಟಮೇಟ್‌ನ ಕಡೆಯನ್ನು ಬಲಪಡಿಸಿ, ಮದ್ಯವಿದ್ದಾಗಲೇ ಸಮತೋಲ ಸಿಗುವಂತೆ ತನ್ನನ್ನು ತಿದ್ದಿಕೊಳ್ಳುತ್ತದೆ. ಯಕೃತ್ತು ಕೂಡ ಹೆಚ್ಚು ಕಿಣ್ವ ತಯಾರಿಸಿ ಮದ್ಯವನ್ನು ಬೇಗ ಒಡೆಯಲು ಕಲಿಯುತ್ತದೆ. ಇದಕ್ಕೆ ತಾಳಿಕೆ ಎನ್ನೋಣ. ತಾಳಿಕೆ ಬಂದವನು ತೊದಲುವುದಿಲ್ಲ, ಓಲಾಡುವುದಿಲ್ಲ. ಆದ್ದರಿಂದ ಮೊದಲಿನ ಅಮಲು ಬೇಕೆಂದರೆ ಇನ್ನಷ್ಟು ಕುಡಿಯುತ್ತಾನೆ. ನಡಿಗೆಗೆ ಮತ್ತು ಮಾತಿಗೆ ಬಂದಷ್ಟು ತಾಳಿಕೆ ಮಿದುಳುಕಾಂಡದ ಉಸಿರಾಟದ ಕೇಂದ್ರಕ್ಕೆ ಬರುವುದಿಲ್ಲ. ಹೀಗಾಗಿ ಮತ್ತೇರಿಸುವ ಪ್ರಮಾಣ ಮೇಲೇರುತ್ತಾ ಹೋದರೂ ಕೊಲ್ಲುವ ಪ್ರಮಾಣ ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ, ಇವೆರಡರ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ.

ಮಾರಿಸನ್‌ನ ಸಾವಿಗೆ ಹೃದಯ ವೈಫಲ್ಯ ಕಾರಣವೆಂದು ದಾಖಲಾಯಿತು, ಮರಣೋತ್ತರ ಪರೀಕ್ಷೆ ನಡೆಯಲಿಲ್ಲ. ಈ ಅಪಾಯವನ್ನು ಅಂಕಿಗಳಲ್ಲಿ ಕಾಣಬೇಕಾದರೆ ಗಾಯಕಿ ಏಮಿ ವೈನ್‌ಹೌಸ್‌ರ ದಾಖಲೆಯತ್ತ ನೋಡಬೇಕು. 2011ರ ಜುಲೈ 23ರಂದು ಲಂಡನ್ನಿನ ತಮ್ಮ ಮನೆಯಲ್ಲಿ, ಅವರೂ 27ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ರಕ್ತದ ಪ್ರತಿ 100 ಮಿಲಿಲೀಟರಿನಲ್ಲಿ 416 ಮಿಲಿಗ್ರಾಂ ಮದ್ಯವಿತ್ತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 30 ಮಿಲಿಗ್ರಾಂ. ಈ ಅಂಕಿಗಿಂತ ನನ್ನನ್ನು ಹೆಚ್ಚು ಕಲಕುವುದು ಅದಕ್ಕೆ ಹಿಂದಿನ ಸಂಗತಿ: ಅವರು ಕೆಲವು ವಾರ ಕುಡಿಯುವುದನ್ನು ನಿಲ್ಲಿಸಿದ್ದರು, ಸಾವಿಗೆ ಕೆಲವೇ ದಿನ ಮೊದಲು ಮತ್ತೆ ಆರಂಭಿಸಿದ್ದರು. ಬಿಟ್ಟ ದಿನಗಳಲ್ಲಿ ದೇಹ ತಾಳಿಕೆಯನ್ನು ಕಳೆದುಕೊಳ್ಳುತ್ತಾ ಬರುತ್ತದೆ. ಕೈ ಮಾತ್ರ ಹಳೆಯ ಅಳತೆಯನ್ನೇ ನೆನಪಿಟ್ಟಿರುತ್ತದೆ. ಹೆರಾಯಿನ್‌ನಂಥ ಮಾದಕ ವಸ್ತುಗಳಲ್ಲಿ ಈ ಅಪಾಯ ಇನ್ನೂ ತೀವ್ರ. ಚಿಕಿತ್ಸೆ ಮುಗಿಸಿ ಬಂದವರಿಗೂ ಜೈಲಿನಿಂದ ಬಿಡುಗಡೆಯಾದವರಿಗೂ ಮೊದಲ ಕೆಲವು ವಾರಗಳೇ ಅತಿ ಕಠಿಣವೆಂಬುದನ್ನು ವೈದ್ಯರು ಬಲ್ಲರು.

ತಾಳಿಕೆಗೆ ಸ್ಥಳದ ನಂಟೂ ಇದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಶೆಪರ್ಡ್ ಸೀಗಲ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ಒಂದು ನಿಗದಿತ ಜಾಗದಲ್ಲಿ ಹೆರಾಯಿನ್ ಅಭ್ಯಾಸ ಮಾಡಿಸಿ, ಕೊನೆಗೆ ದೊಡ್ಡ ಪ್ರಮಾಣವೊಂದನ್ನು ಕೊಟ್ಟರು. ಅಭ್ಯಾಸವಾದ ಜಾಗದಲ್ಲೇ ಅದನ್ನು ಪಡೆದವುಗಳಲ್ಲಿ ಸುಮಾರು ಶೇ. 32, ಹೊಸ ಜಾಗದಲ್ಲಿ ಪಡೆದವುಗಳಲ್ಲಿ ಸುಮಾರು ಶೇ. 64, ಅಭ್ಯಾಸವೇ ಇಲ್ಲದವುಗಳಲ್ಲಿ ಸುಮಾರು ಶೇ. 96 ಸತ್ತವು. ಪರಿಚಿತ ಕೋಣೆಯನ್ನು ಕಂಡೊಡನೆ ದೇಹ ಮುಂಚಿತವಾಗಿಯೇ ಎದುರಿಸಲು ಸಜ್ಜಾಗುತ್ತದೆ, ಅಪರಿಚಿತ ಕೋಣೆಯಲ್ಲಿ ಆ ಸಿದ್ಧತೆ ಇರುವುದಿಲ್ಲ ಎಂಬುದು ಸೀಗಲ್‌ರ ವಿವರಣೆ. ರಾತ್ರಿಗೊಂದು ಊರು, ಊರಿಗೊಂದು ಹೋಟೆಲ್ ಕೋಣೆ ಎಂಬಂತೆ ತಿರುಗುವ ಸಂಗೀತಗಾರರ ಬದುಕನ್ನು ತೆರೆಯ ಮೇಲೆ ಕಂಡಾಗಲೆಲ್ಲ ನನಗೆ ಆ ಇಲಿಗಳು ನೆನಪಾಗುತ್ತವೆ.

ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್, ಗಾಯಕಿ ಜಾನಿಸ್ ಜಾಪ್ಲಿನ್, ಮಾರಿಸನ್ ಮೂವರೂ ಹತ್ತು ತಿಂಗಳ ಒಳಗೆ 27ರಲ್ಲೇ ಹೋದದ್ದರಿಂದ ಆ ವಯಸ್ಸಿಗೊಂದು ಶಾಪವಿದೆಯೆಂಬ ನಂಬಿಕೆ ಬೆಳೆದಿದೆ. ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆದ ಆಲ್ಬಂಗಳ 1,046 ಸಂಗೀತಗಾರರನ್ನು ಪರಿಶೀಲಿಸಿದ 2011ರ ಅಧ್ಯಯನದಲ್ಲಿ 27ಕ್ಕೆ ಯಾವ ವಿಶೇಷವೂ ಕಾಣಲಿಲ್ಲ. ಆದರೆ ಇಪ್ಪತ್ತರಿಂದ ನಲವತ್ತರೊಳಗಿನ ವಯಸ್ಸಿನಲ್ಲಿ ಅವರಿಗೆ ಸಾವಿನ ಅಪಾಯ ಸಾಮಾನ್ಯ ಜನರಿಗಿಂತ ಎರಡರಿಂದ ಮೂರು ಪಟ್ಟು ಇತ್ತು.

ಮರುದಿನ ಹುಡುಗನಿಗೆ ಇದನ್ನೆಲ್ಲ ಹೇಳಿದಾಗ ಅವನು ಕೇಳಿದ್ದು, “ಹಾಗಾದರೆ ತಕ್ಷಣ ಬಿಟ್ಟುಬಿಡುವುದೂ ತಪ್ಪೇ?” ಎಂದು. ಬಹುಕಾಲ ದಿನವೂ ಹೆಚ್ಚು ಕುಡಿದವರು ವೈದ್ಯರ ನೆರವಿಲ್ಲದೆ ಏಕಾಏಕಿ ನಿಲ್ಲಿಸುವುದು ನಿಜಕ್ಕೂ ಅಪಾಯ, ಏಕೆಂದರೆ ಮದ್ಯದ ತಡೆ ಹೋದೊಡನೆ ಬಲಗೊಂಡಿದ್ದ ಉದ್ರೇಕವೆಲ್ಲ ಹೊರಬಂದು ಮೊದಲು ಕೈ ನಡುಗುತ್ತದೆ, ಬಳಿಕ ಫಿಟ್ಸ್ ಬರಬಹುದು, ಎರಡು ಮೂರು ದಿನಗಳಲ್ಲಿ ಇಲ್ಲದ್ದು ಕಾಣಿಸುವ ಸನ್ನಿ ಹಿಡಿಯಬಹುದು. ಬಿಡಲೇಬೇಕು, ಆದರೆ ಆಸ್ಪತ್ರೆಯ ಕಣ್ಗಾವಲಿನಲ್ಲಿ ಬಿಡಬೇಕು. ಇನ್ನು ಬಿಟ್ಟು ನಾಲ್ಕು ತಿಂಗಳಾದವನ ಕೈಗೆ, ವಾಲಗ ಬಾರಿಸುವ ಹೊತ್ತಿಗೆ, “ಇವತ್ತೊಂದು ದಿನ, ಒಂದೇ ಪೆಗ್” ಎಂದು ಗ್ಲಾಸು ಕೊಡುವ ನೆಂಟರಿದ್ದಾರಲ್ಲ, ಅವರು ಪ್ರೀತಿಯಿಂದಲೇ ಕೊಡುತ್ತಾರೆ. ತಾಳಿಕೆ ಇಳಿದ ದೇಹ ಅವರ ಕಣ್ಣಿಗೆ ಕಾಣುವುದಿಲ್ಲ. ಕುಡಿದು ಜಗಲಿಯಲ್ಲಿ ಒರಗಿದವನನ್ನು “ಮಲಗಲಿ ಬಿಡಿ” ಎಂದು ಬಿಟ್ಟುಬರುತ್ತೇವೆ. ಹೊಟ್ಟೆಯಲ್ಲಿ ಉಳಿದ ಮದ್ಯ ಆಗಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಹೆಂಡ್ರಿಕ್ಸ್ ಸತ್ತದ್ದು ನಿದ್ರೆಯ ಮಾತ್ರೆಯ ಮಂಪರಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಹೋಗಿ. ಹಾಗೆ ಒರಗಿದವನನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಒಬ್ಬರು ಹತ್ತಿರ ಕುಳಿತು, ಕೂಗಿದರೂ ಎಚ್ಚರಗೊಳ್ಳದಿದ್ದರೆ ಅಥವಾ ಉಸಿರು ನಿಧಾನವಾದರೆ 108ಕ್ಕೆ ಕರೆ ಮಾಡಬೇಕೆಂದು ನಾನು ಹುಡುಗನಿಗೆ ಹೇಳಿಕೊಟ್ಟೆ.