ಹಳೆ ಗಾಡಿ ನಿಂತಲ್ಲೇ ನಡುಗ್ತದ, ಏರಿನ್ಯಾಗ ಎಳಿಯಂಗಿಲ್ಲ: ಸಾಮಾನು ತರೋಕಿಂತ ಮೊದ್ಲು ಇಷ್ಟು ನೋಡ್ರಿ

ಹತ್ತು ಹದಿನೈದು ವರ್ಷ ಓಡಿದ ಪೆಟ್ರೋಲ್ ಗಾಡಿ ತಗೊಂಡು ಗ್ಯಾರೇಜಿಗೆ ಬರೋರು ಹೆಚ್ಚಾಗಿ ಎರಡೇ ಮಾತು ಹೇಳ್ತಾರ, ಸಿಗ್ನಲ್‌ನ್ಯಾಗ ನಿಂತಾಗ ಗಾಡಿ ನಡುಗ್ತದ ಅನ್ನೋದೊಂದು, ಪಿಕಪ್ ಇಲ್ಲ ಅನ್ನೋದೊಂದು. ಅದನ್ನ ಹೇಳ್ತಾ ಹೇಳ್ತಾನೇ ಡಿಕ್ಕಿ ತಗದು ಒಂದು ಚೀಲ ತೋರಸ್ತಾರ, ಅದರಾಗ ಬಿಚ್ಚಿ ಹಾಕಿದ ಪ್ಲಗ್ಗು, ಪ್ಲಗ್ಗಿಗೆ ಕರಂಟ್ ಕೊಡೋ ಕಾಯಿಲು, ಸೆನ್ಸರು, ಎಲ್ಲಾ ಇರ್ತಾವ. ಅಷ್ಟೆಲ್ಲಾ ಹೊಸಾದು ಹಾಕ್ಸಿದ್ರೂ ಗಾಡಿ ಹಂಗೇ ನಡುಗ್ಲಾಕತ್ತದ. ರೊಕ್ಕ ಹೋಗಿದ್ದು ಬಿಡ್ರಿ, ಆ ಚೀಲದಾಗಿನ ಅರ್ಧ ಸಾಮಾನು ಇನ್ನಾ ಚಲೋ ಇರ್ತಾವ, ಅದನ್ನ ನೋಡಿದ್ರ ನನಗ ಖರೇನೇ ಸಂಕಟ ಆಗ್ತದ. ಯಾವುದು ಕೆಟ್ಟದ ಅಂತ ಪಕ್ಕಾ ಆಗೋ ತನಕ ಒಂದು ಸಾಮಾನೂ ಬದಲಿ ಮಾಡಿಸಬ್ಯಾಡ್ರಿ, ನಾನು ಹೇಳೋದು ಇಷ್ಟೇ, ಅದನ್ನ ಹೆಂಗ ಪಕ್ಕಾ ಮಾಡ್ಕೋಬೇಕು ಅನ್ನೋದು ಮುಂದ ಬರದೀನಿ.

ಮೊದ್ಲು ದೋಷ ಇಂಜಿನ್‌ದೇನಾ ಅಂತ ನೋಡ್ರಿ. ನಾಕನೇ ಗೇರಿನ್ಯಾಗ ಜೋರು ಒತ್ತಿದಾಗ ಆರ್‌ಪಿಎಂ ಏರ್ತದ ಖರೆ ಗಾಡಿ ಮುಂದ ಹೋಗಂಗಿಲ್ಲ ಅಂದ್ರ ಕ್ಲಚ್ ಪ್ಲೇಟ್ ಸವದದ. ಹತ್ತು ಕಿಲೋಮೀಟರ್ ಓಡಿಸಿ ಇಳದು ನಾಕೂ ಗಾಲಿ ಹತ್ರ ಕೈ ಒಯ್ರಿ, ಮುಟ್ಟಬ್ಯಾಡ್ರಿ ಸುಡ್ತದ, ಒಂದು ಗಾಲಿ ಮಾತ್ರ ಕಾದಿದ್ರ ಬ್ರೇಕ್ ಜಾಮ್. ಆರ್‌ಪಿಎಂ ಮುಳ್ಳು ಅಲುಗಾಡದೇ 800-900ರ ಮ್ಯಾಲ ಗಟ್ಟಿ ನಿಂತಿದ್ದು ಸೀಟು ಸ್ಟೇರಿಂಗು ಮಾತ್ರ ನಡುಗ್ಲಾಕತ್ತಿದ್ರ ಇಂಜಿನ್ ಮೌಂಟಿಂಗ್ ರಬ್ಬರ್ ಕುಂತದ. ಮಾರುತಿ 800 ಅಂಥ ಮೂರು ಸಿಲಿಂಡರ್ ಗಾಡಿ ಹೊಸದಿದ್ದಾಗಲೂ ಸ್ವಲ್ಪ ನಡುಗೇ ನಡುಗ್ತದ, ಅದರ ಜಾತಿನೇ ಹಂಗ.

ಇದ್ಯಾವದೂ ಅಲ್ಲ ಅಂದ್ರ ಗಾಡಿ ಯಾವಾಗ ಕಾಡ್ತದ ಅಂತ ಕೇಳಬೇಕು. ನಿಂತಾಗ ನಡುಗಿ, ರೇಸ್ ಕೊಟ್ ಕೂಡ್ಲೇ ಸಾಫ್ ಓಡಿದ್ರ ಹವಾ ಎಲ್ಲೋ ಕಳ್ಳದಾರಿಯಿಂದ ಒಳಗ ಹೋಗ್ಲಾಕತ್ತದ. ನಿಂತಾಗ ಚಲೋ ಇದ್ದು ಏರು ಬಂದಾಗ, ನಾಕು ಮಂದಿ ಕುಂತಾಗ ಸೋತ್ರ ಪೆಟ್ರೋಲ್ ಸಾಲವಲ್ದು, ಇಲ್ಲಾ ಸೈಲೆನ್ಸರ್ ಕಡೆ ಹೊಗಿ ಹೊರಗ ಹೋಗ್ಲಾಕ ದಾರಿ ಇಲ್ಲ, ಇಲ್ಲಾ ಲೋಡ್ ಬಿದ್ದಾಗ ಕರಂಟ್ ಸೋರ್ತದ. ನಿಂತಾಗಲೂ ಓಡುವಾಗಲೂ ಒಂದೇ ನಮೂನಿ ಮಿಸ್ ಹೊಡದ್ರ, ಅಂದ್ರ ಪೆಟ್ರೋಲ್ ಹತ್ತದೇ ತಪ್ಪಿದ್ರ, ಒಂದು ಸಿಲಿಂಡರ್ ಕೆಲ್ಸಾ ಬಿಟ್ಟದ. ತಣ್ಣಗಿದ್ದಾಗ ಚಲೋ, ಬಿಸಿ ಆದ್ ಮ್ಯಾಲ ಖರಾಬ್ ಅಂದ್ರ ನನ್ನ ಕಣ್ಣು ಕಾಯಿಲ್ ಕಡೆ, ವಾಲ್ವ್ ಕಡೆ ಹೋಗ್ತದ. ಟೈಮಿಂಗ್ ಬೆಲ್ಟ್ ಹಾಕ್ಸಿದ ಮರುದಿನದಿಂದ ಶುರು ಆಗ್ಯದ ಅಂದ್ರ ಬ್ಯಾರೆ ಏನೂ ಮುಟ್ಟಬ್ಯಾಡ್ರಿ, ಬೆಲ್ಟ್ ಒಂದು ಹಲ್ಲು ಹಿಂದ ಮುಂದ ಕುಂತದೇನು ಅಂತ ಮಾರ್ಕ್ ನೋಡ್ರಿ ಸಾಕು.

ಹವಾ ಲೀಕಿನ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರ ಕಲಬುರಗಿ, ಯಾದಗಿರಿ ಬಿಸಿಲಿಗೆ ಇದು ಭಾಳ. ನಮ್ಮ ಕಡೆ ಏಪ್ರಿಲ್ ಮೇದಾಗ ಹೊರಗೇ 42-43 ಡಿಗ್ರಿ ಇರ್ತದ, ಬಾನೆಟ್ ಒಳಗಿಂದು ಕೇಳಬ್ಯಾಡ್ರಿ, ಆ ಕಾವಿನ್ಯಾಗ ವರ್ಷಗಟ್ಲೆ ಬೆಂದ ರಬ್ಬರ್ ಪೈಪು ಸೀಳು ಬಿಡ್ತಾವ. ಐಡಲಿಂಗ್‌ದಾಗ, ಅಂದ್ರ ರೇಸ್ ಕೊಡದೇ ಇಂಜಿನ್ ಚಾಲೂ ಇದ್ದಾಗ, ಹವಾ ಒಳಗ ಬಿಡೋ ಥ್ರಾಟಲ್ ಹೆಚ್ಚೂಕಮ್ಮಿ ಮುಚ್ಚಿರ್ತದ, ಇಂಜಿನ್ ಜೋರು ಜಗ್ಗತದ, ಹಂಗಾಗಿ ಸಿಲಿಂಡರಿಗೆ ಹವಾ ಒಯ್ಯೋ ಮ್ಯಾನಿಫೋಲ್ಡ್ ಒಳಗ ವ್ಯಾಕ್ಯೂಮ್ ತಯಾರಾಗ್ತದ, ಆವಾಗ ಸಣ್ಣ ಸೀಳಿನಿಂದ ಬಂದ ಹವಾನೂ ಒಟ್ಟು ಲೆಕ್ಕದಾಗ ದೊಡ್ಡದೇ. ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಹವಾ ಅನ್ನೋ ಲೆಕ್ಕ ತಪ್ಪಿ ಮಿಕ್ಸ್ಚರ್ ತೆಳ್ಳಗ ಆಗ್ತದ, ಸಿಲಿಂಡರ್ ಒಮ್ಮೆ ಹತ್ತಿ ಒಮ್ಮೆ ಹತ್ತದೇ ನಡಗಸ್ತದ. ರೇಸ್ ಕೊಟ್ಟಾಗ ಥ್ರಾಟಲ್ ತೆರದು ನೆಟ್ಟಗಿನ ದಾರಿಯಿಂದಲೇ ರಗಡ್ ಹವಾ ಬರ್ತದ, ಆ ಸೀಳು ಲೆಕ್ಕಕ್ಕೇ ಇರಂಗಿಲ್ಲ. ಬ್ರೇಕ್ ಹಗುರ ಮಾಡೋ ಬೂಸ್ಟರಿನ ಪೈಪು, ಇಂಜಿನ್ ಒಳಗಿನ ಹೊಗಿ ವಾಪಸ್ ಇಂಟೇಕಿಗೆ ಒಯ್ಯೋ ಪಿಸಿವಿ ಪೈಪು, ಇಂಟೇಕ್ ಗ್ಯಾಸ್ಕೆಟ್ಟು, ಇಂಜೆಕ್ಟರ್ ಕೆಳಗಿನ ರಿಂಗು, ಇವನ್ನೇ ಮೊದ್ಲು ನೋಡ್ರಿ. ಕಾರ್ಬ್ ಕ್ಲೀನರ್ ಹೊಡದು ಲೀಕ್ ಹುಡುಕೋರು ಇದ್ದಾರ, ಬಿಸಿ ಇಂಜಿನ್ ಮ್ಯಾಲ ಅದು ಭಕ್ಕಂತ ಬೆಂಕಿ ಹಿಡಿತದ, ಅದನ್ನ ಮಾಡಬ್ಯಾಡ್ರಿ. ಹೂವಿನ ಕುಂಡಿಗೆ ಹೊಡಿಯೋ ಸ್ಪ್ರೇ ಬಾಟಲಿನ್ಯಾಗ ನೀರು ಹಾಕಿ, ವೈರಿಂಗ್ ಮ್ಯಾಲ ಬೀಳದಂಗ ಜಾಯಿಂಟಿಗೆ ತುಸು ತುಸು ಹೊಡೀರಿ, ಎಲ್ಲಿ ಹೊಡದಾಗ ಸಪ್ಪಳ ಬದಲಾಗ್ತದೋ ಲೀಕ್ ಅಲ್ಲೇ ಅದ ಅಂತ ತಿಳೀರಿ.

ಜೇವರ್ಗಿ ಕಡೆಯ ಒಬ್ಬರು ಮಾಸ್ತರು ಒಂದು ಹಳೆ ಸೆಡಾನ್ ತಂದಿದ್ರು. ಎಸಿ ಹಾಕಿದ್ರ ಸಿಗ್ನಲ್‌ನ್ಯಾಗ ಬಂದ್ ಬೀಳ್ತಿತ್ತು, ಫರಹತಾಬಾದ್ ದಾಟಿದ ಮ್ಯಾಲ ಲಾರಿ ಓವರ್‌ಟೇಕ್ ಮಾಡ್ಲಾಕ ಹೋದ್ರ ಜೀವ ಕೈಯಾಗ ಹಿಡ್ಕೊಂಡು ಕೂಡಬೇಕು, ಅಷ್ಟು ಸೋಲ್ತಿತ್ತು. "ನಾಕೂ ಪ್ಲಗ್ ಹೊಸಾವ ಹಾಕ್ಸೀನ್ರಿ, ಇಂಜೆಕ್ಟರ್ ಕ್ಲೀನ್ ಮಾಡ್ಸೀನ್ರಿ, ಇನ್ನ ಇಂಜಿನ್ನೇ ಬಿಚ್ಚಬೇಕಂತ ಹೇಳ್ಯಾರ, ನೀವೇನಂತೀರಿ?" ಅಂದ್ರು. "ಅರ್ಧ ತಾಸು ಕೂಡ್ರಿ ಸರ್, ಇನ್ನಾ ಏನೂ ಬಿಚ್ಚೋದು ಬ್ಯಾಡ" ಅಂದೆ. ಗಾಡಿ ಕಂಪ್ಯೂಟರಿನ ಅಂಕಿ ಓದೋ ಸ್ಕ್ಯಾನರ್ ಹಚ್ಚಿ ಫ್ಯೂಲ್ ಟ್ರಿಮ್ ನೋಡಿದೆ. ಟ್ರಿಮ್ ಅಂದ್ರ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಹೆಚ್ಚು ಇಲ್ಲಾ ಕಮ್ಮಿ ಹಾಕ್ಲಾಕತ್ತದ ಅನ್ನೋ ಅಂಕಿ, ಪ್ಲಸ್ ಮೈನಸ್ ಹತ್ತು ಪರ್ಸೆಂಟ್ ಒಳಗಿದ್ರ ಚಿಂತಿ ಇಲ್ಲ. ಇಲ್ಲಿ ಐಡಲಿಂಗ್‌ದಾಗ ಪ್ಲಸ್ ಇಪ್ಪತ್ತರ ಮ್ಯಾಲ ಇತ್ತು, 2500 ಆರ್‌ಪಿಎಂಗೆ ಒಯ್ದ್ರ ಹತ್ತರ ಒಳಗ ಇಳೀತು. ಅಂದ್ರ ಹವಾ ಲೀಕೇ. ಬೂಸ್ಟರ್ ಪೈಪು ಮ್ಯಾಲಿನಿಂದ ನೋಡಿದ್ರ ಹೊಸಾದರಂಗ ಕಾಣ್ತಿತ್ತು, ಮ್ಯಾನಿಫೋಲ್ಡ್ ಹತ್ರ ಕೆಳಬದಿಗೆ ಬೆರಳು ಆಡಿಸಿದಾಗ ಉಗುರು ಸಿಗೋವಷ್ಟು ಉದ್ದನೇ ಸೀಳು ಹತ್ತಿತು, ಬೆರಳು ಒತ್ತಿದ್ರ ಸುಸ್ ಅನ್ನೋ ಸಪ್ಪಳ ನಿಂತು ಇಂಜಿನ್ ಸಮಾಧಾನ ಆತು, ಬೆರಳು ತಗದ್ರ ಮತ್ತ ನಡುಗೋದು. ಮಾಸ್ತರಿಗೂ ಬೆರಳು ಇಡಿಸಿ ತೋರಿಸಿದೆ. ಬ್ರೇಕ್ ಇತ್ತೀಚೆಗೆ ಗಟ್ಟಿ ಆಗ್ಯದೇನ್ರಿ ಅಂತ ಕೇಳಿದ್ರ ಹೌದು ಅಂದ್ರು, ಅದೂ ಇದೇ ಸೀಳಿನ ಕೆಲ್ಸ.

ಪೈಪು ಹಾಕಿದ್ ಮ್ಯಾಲ ಸಿಗ್ನಲ್ ತ್ರಾಸ ಹೋತು, ಪಿಕಪ್ ಬರ್ಲಿಲ್ಲ. ಹಳೆ ಗಾಡಿನ್ಯಾಗ ಮಂದಿ ದಾರಿ ತಪ್ಪೋದು ಇಲ್ಲೇ, ಎರಡು ತ್ರಾಸಿಗೆ ಒಂದೇ ಕಾರಣ ಇರ್ತದ ಅಂತ ತಿಳ್ಕೋತಾರ, ಒಂದು ರಿಪೇರಿ ಆಗಿ ಇನ್ನೊಂದು ಉಳದ್ರ ಮೊದ್ಲಿಂದೇ ತಪ್ಪು ಅಂತಾರ. ರಿಂಗ್ ರೋಡಿಗೆ ಒಯ್ದು ಮೂರನೇ ಗೇರಿನ್ಯಾಗ ಜೋರು ಒತ್ತಿ ನೋಡಿದ್ವಿ, ಟ್ರಿಮ್ ಮತ್ತ ಏರ್ಲಾಕತ್ತಿತು, ಈ ಸಲ ಲೋಡ್ ಬಿದ್ದಾಗ. ಪೆಟ್ರೋಲ್ ಲೈನಿಗೆ ಗೇಜ್ ಹಚ್ಚಿದ್ರ ನಿಂತಾಗ ಮೂರು ಬಾರ್ ಚಂದ ತೋರಸ್ತಿತ್ತು, ಎಳಿಯೋ ಹೊತ್ತಿಗೆ ಸರ್ರಂತ ಇಳೀತಿತ್ತು. ಪೆಟ್ರೋಲ್ ಫಿಲ್ಟರ್ ಬಿಚ್ಚಿ ಬಗ್ಗಿಸಿದ್ರ ಮಣ್ಣು ಬಣ್ಣದ ಪೆಟ್ರೋಲು, ಫಿಲ್ಟರ್ ಕಟ್ಟಿತ್ತು. ಈ ಗೇಜಿನ ಕೆಲ್ಸ ಮನ್ಯಾಗ ಮಾಡಬ್ಯಾಡ್ರಿ, ಪ್ರೆಶರ್‌ದಾಗಿನ ಪೆಟ್ರೋಲ್ ಅದು.

ಒಂದು ಎಚ್ಚರ: ಟ್ರಿಮ್ ಈ ನಮೂನಿ ಸಾಫ್ ಸಾಕ್ಷಿ ಹೇಳೋದು ಒಳಗ ಹೋಗೋ ಹವಾ ಅಳಿಯೋ ಏರ್ ಫ್ಲೋ ಸೆನ್ಸರ್ ಇದ್ದ ಗಾಡಿನ್ಯಾಗ. ನಮ್ಮ ಕಡೆ ಓಡೋ ಭಾಳಷ್ಟು ಸಣ್ಣ ಗಾಡಿಗೆ ಬರೇ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳಿಯೋ ಮ್ಯಾಪ್ ಸೆನ್ಸರ್ ಇರ್ತದ, ಒಳಗ ಕಳ್ಳಹವಾ ಬಂದ್ರೂ ಅದು ಅಳದು ಪೆಟ್ರೋಲ್ ಹಾಕ್ತದ, ಹಂಗಾಗಿ ಟ್ರಿಮ್ ಅಷ್ಟು ಏರಂಗಿಲ್ಲ, ಅದರ ಬದ್ಲಿ ಐಡಲಿಂಗ್ ಏರ್ತದ ಇಲ್ಲಾ ಮ್ಯಾಲ ಕೆಳಗ ಜೋಲಿ ಹೊಡಿತದ. ಅಲ್ಲಿ ಮ್ಯಾಪ್ ರೀಡಿಂಗ್ ನೋಡ್ರಿ, ಬಿಸಿ ಆದ ಚಲೋ ಇಂಜಿನ್, ಎಸಿ ಬಂದ್ ಇದ್ದಾಗ ಸುಮಾರು 30ರಿಂದ 40 ಕಿಲೋಪಾಸ್ಕಲ್ ತೋರಸ್ತದ, 50ರ ಮ್ಯಾಲ ಇದ್ರ ಲೀಕೋ ಕಂಪ್ರೆಷನ್ನೋ (ಸಿಲಿಂಡರ್ ಒಳಗಿನ ಒತ್ತಡ) ಬೆಲ್ಟೋ ಏನೋ ಒಂದು ಅದ.

ಕರಂಟಿನ ವಿಷಯಕ್ಕ ಬಂದ್ರ, ಖರ್ಚಿಲ್ಲದ ಪರೀಕ್ಷೆ ಇರೋದು ಇಲ್ಲೇ. ಪ್ರತಿ ಸಿಲಿಂಡರಿಗೆ ಬ್ಯಾರೆ ಬ್ಯಾರೆ ಕಾಯಿಲ್ ಇದ್ದ ಗಾಡಿನ್ಯಾಗ ಪಿ0303 ಕೋಡ್ ಬಂದ್ರ ಮೂರನೇ ಸಿಲಿಂಡರ್ ಮಿಸ್ ಅಂತ ಅರ್ಥ, ಮೂರನೇ ಕಾಯಿಲ್ ತಗದು ಒಂದನೇದಕ್ಕ ಹಾಕ್ರಿ, ಒಂದನೇದು ಮೂರಕ್ಕ. ಕೋಡ್ ಅಳಿಸಿ ಓಡಿಸಿದ ಮ್ಯಾಲ ಪಿ0301 ಬಂದ್ರ ಕಾಯಿಲೇ ಕೆಟ್ಟದ, ಮತ್ತ 0303 ಬಂದ್ರ ಕಾಯಿಲ್ ಬಿಟ್ಟು ಪ್ಲಗ್ಗು ಇಂಜೆಕ್ಟರು ಕಂಪ್ರೆಷನ್ನು ನೋಡ್ರಿ. ಸ್ಕ್ಯಾನರ್ ಇಲ್ಲಂದ್ರ ಇಂಜಿನ್ ಚಾಲೂ ಇದ್ದಾಗ ಒಂದೊಂದೇ ಇಂಜೆಕ್ಟರ್ ಕನೆಕ್ಟರ್ ತಗೀರಿ, ಚಲೋ ಸಿಲಿಂಡರಿಂದು ತಗದ್ರ ಇಂಜಿನ್ ಇನ್ನಷ್ಟು ಕುಂದ್ತದ, ಯಾವುದು ತಗದ್ರೂ ಫರಕ್ ಬೀಳಂಗಿಲ್ಲೋ ಅದೇ ಸತ್ತಿದ್ದು. ಹಳೆ ಮಂದಿ ಮಾಡ್ದಂಗ ಪ್ಲಗ್ ವೈರ್ ಜಗ್ಗಿ ನೋಡಬ್ಯಾಡ್ರಿ, ಕಾಯಿಲ್ ಸುಟ್ಟು ಹೋಗ್ತದ, ನಿಮಗೂ ಶಾಕ್. ಪ್ಲಗ್ ಬಿಚ್ಚಿದಾಗ ಯಾವ ಸಿಲಿಂಡರಿಂದು ಯಾವುದು ಅಂತ ಸಾಲಾಗಿ ಇಡ್ರಿ, ತಿಳಿ ಕಂದು ಬಣ್ಣ ಇದ್ರ ಆರಾಮ್, ಒಣ ಕರಿ ಮಸಿ ಇದ್ರ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ರ ಕಮ್ಮಿ, ಆಯಿಲ್ ಹಸಿ ಇದ್ರ ಅದು ಬ್ಯಾರೆ ಕಥಿ. ಎಲ್ಲಾ ಒಂದೇ ಬಣ್ಣ ಇದ್ದು ಒಂದು ಮಾತ್ರ ಬ್ಯಾರೆ ಇದ್ರ ಹುಡುಕೋ ಕೆಲ್ಸ ಅರ್ಧ ಮುಗೀತು.

ಸೇಡಂ, ವಾಡಿ, ಶಹಾಬಾದ್ ಕಡೆ ಓಡೋ ಗಾಡಿಗೆ ಧೂಳಿಂದೇ ದೊಡ್ಡ ಪ್ರಶ್ನೆ, ಸಿಮೆಂಟು ಕಲ್ಲಿನ ಪುಡಿ ಏರ್ ಫಿಲ್ಟರ್ ಲಗೂನೇ ತುಂಬ್ತದ, ಬುಕ್ಕಿನ್ಯಾಗ ಬರದ ಕಿಲೋಮೀಟರ್ ಕಾಯಬ್ಯಾಡ್ರಿ. ಥ್ರಾಟಲ್ ಬಾಡಿ ಕಾರ್ಬನ್ ಕ್ಲೀನ್ ಮಾಡಿದ ಮ್ಯಾಲ ಐಡಲಿಂಗ್ ಮತ್ತಿಷ್ಟು ಏರಿದ್ರ ಹೆದರಬ್ಯಾಡ್ರಿ, ಕಂಪ್ಯೂಟರ್ ಹಳೆ ಹೊಲಸಿಗೆ ಹೊಂದ್ಕೊಂಡಿರ್ತದ, ಹೊಸದಾಗಿ ಕಲಿಸಬೇಕು, ಕೆಲವು ಗಾಡಿಗೆ ಸ್ಕ್ಯಾನರ್‌ನಿಂದಲೇ ಅದು ಆಗೋದು.

ಸೈಲೆನ್ಸರ್ ಕಡೆ ಕ್ಯಾಟ್ (ಹೊಗಿ ಸ್ವಚ್ಛ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ಕಟ್ಟಿದ್ರ ಗಾಡಿ ಸ್ಪೀಡ್ ಏರಿದಂಗ ಉಸಿರು ಬಿಗಿಹಿಡದಂಗ ಆಗ್ತದ. ಇದಕ್ಕ ವ್ಯಾಕ್ಯೂಮ್ ಗೇಜ್ ಬೇಕು, ಕಮ್ಮಿ ರೊಕ್ಕದ ಸಾಮಾನು, ಈಗಿನ ಹುಡುಗರು ಇದನ್ನ ಮರತೇ ಬಿಟ್ಟಾರ. 2500 ಆರ್‌ಪಿಎಂ ಹಿಡದು ನಿಲ್ಲಿಸಿದಾಗ ಮುಳ್ಳು ಮೆಲ್ಲಕ ಇಳೀಲಾಕತ್ತಿದ್ರ ಹೊಗಿ ದಾರಿ ಕಟ್ಟ್ಯದ. ಐಡಲಿಂಗ್‌ದಾಗ ಮುಳ್ಳು 17ರಿಂದ 21 ಇಂಚಿನ (ಪಾದರಸದ ಇಂಚು) ನಡುವ ಗಟ್ಟಿ ನಿಲ್ಲಬೇಕು ಅಂತ ಬುಕ್ಕು ಹೇಳ್ತದ, ಅದು ಸಮುದ್ರ ಮಟ್ಟದ ಲೆಕ್ಕ. ಸಾವಿರ ಅಡಿ ಏರಿದ್ರ ಸುಮಾರು ಒಂದು ಇಂಚು ಕಮ್ಮಿ ಹಿಡೀಬೇಕು, ಕಲಬುರಗಿ ಸುಮಾರು 450 ಮೀಟರ್ ಎತ್ತರದಾಗ ಅದ, ಅಂದ್ರ ಒಂದೂವರಿ ಇಂಚು ಕಮ್ಮಿ, ಬೀದರ್ ಇನ್ನಾ ಮ್ಯಾಲ, ಅಲ್ಲಿ ಎರಡು ಇಂಚಿಗಿಂತ ಜಾಸ್ತಿನೇ ಕಮ್ಮಿ ಬರ್ತದ. ಇದು ಗೊತ್ತಿಲ್ಲದೇ 16 ತೋರಿಸಿದ ಚಲೋ ಇಂಜಿನ್ ಬಿಚ್ಚಿ ಹಾಕಿದ್ದು ನಾನು ನೋಡೀನಿ.

ಕೊನೀಗೆ ಕಂಪ್ರೆಷನ್. ಹಳೆ ಓಮ್ನಿ ಅಂಥ ಗಾಡಿಗೆ ಗ್ಯಾಸ್ ಕಿಟ್ ಹಾಕಿ ವರ್ಷಗಟ್ಲೆ ಓಡಿಸಿದ್ರ ವಾಲ್ವ್ ಸೀಟ್ ಸವದು ಕ್ಲಿಯರೆನ್ಸ್, ಅಂದ್ರ ವಾಲ್ವಿಗೂ ಅದನ್ನ ಒತ್ತೋ ಟ್ಯಾಪೆಟಿಗೂ ನಡುವಿನ ಸಂದು, ಕಮ್ಮಿ ಆಗ್ತದ, ಬಿಸಿ ಆದಾಗ ವಾಲ್ವ್ ಪೂರಾ ಕುಂದ್ರಂಗಿಲ್ಲ, ಟ್ಯಾಪೆಟ್ ಸಪ್ಪಳ ಇಲ್ಲ ಅಂತ ಖುಷಿ ಪಡ್ತಾರ, ಆ ಸಪ್ಪಳ ಇಲ್ಲದಿರೋದೇ ಅಲ್ಲಿ ದೋಷ. ಎಲ್ಲಾ ಪ್ಲಗ್ ತಗದು, ಪೆಟ್ರೋಲು ಕರಂಟು ಬಂದ್ ಮಾಡಿ, ಆಕ್ಸಿಲರೇಟರ್ ಪೂರಾ ಒತ್ತಿ ಹಿಡದು, ಸೆಲ್ಫ್ ಹೊಡದು ಕಂಪ್ರೆಷನ್ ಗೇಜಿನಿಂದ ಅಳೀರಿ. 150 ಪಿಎಸ್‌ಐ ಮ್ಯಾಲ ಇದ್ರ ಸಾಮಾನ್ಯವಾಗಿ ಚಿಂತಿ ಇಲ್ಲ, ಒಂದಕ್ಕೊಂದು ಫರಕ್ ಎಷ್ಟದ ಅನ್ನೋದನ್ನ ಹೆಚ್ಚು ನೋಡ್ಬೇಕು. ಕಮ್ಮಿ ಇದ್ದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತ ಅಳದಾಗ ಏರಿದ್ರ ಪಿಸ್ಟನ್ ರಿಂಗಿನ ದೋಷ, ಏರ್ಲಿಲ್ಲಂದ್ರ ವಾಲ್ವಿಂದು, ಮಗ್ಗುಲ ಮಗ್ಗುಲ ಎರಡು ಸಿಲಿಂಡರ್ ಕೂಡೇ ಇಳದಿದ್ರ ಹೆಡ್ ಗ್ಯಾಸ್ಕೆಟ್. ವಾಲ್ವ್ ಕ್ಲಿಯರೆನ್ಸ್ ಇಷ್ಟೇ ಇದ್ರ ಸೆಟ್ಟಿಂಗ್‌ದಾಗ ಮುಗೀತದ, ಗ್ಯಾಸ್ಕೆಟ್ ಇದ್ರ ಹೆಡ್ ಇಳಿಸಿದ್ರ ಸಾಕು, ರಿಂಗ್ ಇದ್ರ ಮಾತ್ರ ಪೂರಾ ಇಂಜಿನ್ ಬಿಚ್ಚೋ ಮಾತು ಬರೋದು. ಇಂಜಿನ್ ಕೆಲ್ಸ ಅಂತ ಯಾರರೇ ಹೇಳಿದ್ರ ಮೊದ್ಲು ಈ ಅಂಕಿ ಒಂದು ಚೀಟಿ ಮ್ಯಾಲ ಬರೆಸಿ ತಗೋರಿ, ಆಯಿಲ್ ಹಾಕೋಕಿಂತ ಮೊದ್ಲಿಂದೂ ಹಾಕಿದ ಮ್ಯಾಲಿಂದೂ, ಎಲ್ಲಾ ಸಿಲಿಂಡರಿಂದು.