ಬೇಲಿ, ತಡಮೆ, ಅನುಮತಿ: ಐರ್ಲೆಂಡ್‌ನ ಕಾಡುದಾರಿಗಳು ಯಾರವು?

ಐರ್ಲೆಂಡ್‌ನ ಅತಿ ಎತ್ತರದ ಬೆಟ್ಟ ಕ್ಯಾರನ್‌ಟೂಹಿಲ್, 1,038 ಮೀಟರ್. ವರ್ಷವಿಡೀ ಜನ ಹತ್ತುತ್ತಾರೆ, ತುದಿಯ ಶಿಲುಬೆಯ ಬುಡದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ತುದಿಯೂ ಅಲ್ಲಿಗೆ ಹೋಗುವ ಹಾದಿಯೂ ಖಾಸಗಿ ಜಮೀನು. ಹತ್ತುವವರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ. ಅವರು ಹತ್ತುತ್ತಿರುವುದು ಹಕ್ಕಿನಿಂದಲ್ಲ. ಕುರಿ ಮೇಯಿಸುವ ರೈತ ಕುಟುಂಬಗಳು ಬೇಡ ಎಂದಿಲ್ಲ, ಅದಕ್ಕೆ.

ಡಬ್ಲಿನ್‌ನಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೂ ವಾರಾಂತ್ಯದಲ್ಲಿ ಪಕ್ಕದ ವಿಕ್ಲೋ ಕೌಂಟಿಯ ಗ್ಲೆಂಡಲಾಕ್ ಕಣಿವೆಯ ಕಡೆ ಹೋದಾಗ ಈ ಗೊಂದಲ ಎದುರಾಗುತ್ತದೆ. ಒಂದು ಗೇಟಿನಲ್ಲಿ ಸ್ವಾಗತದ ಫಲಕ, ಅರ್ಧ ಮೈಲಿ ಮುಂದೆ ‘ನಾಯಿಗಳಿಗೆ ಪ್ರವೇಶವಿಲ್ಲ’, ಇನ್ನೊಂದು ತಿರುವಿನಲ್ಲಿ ಬೀಗ. ಹತ್ತಿರದ ಸ್ಕಾಟ್ಲೆಂಡ್‌ನಲ್ಲಿ 2003ರ ಭೂಸುಧಾರಣಾ ಕಾಯ್ದೆ ಬಹುಪಾಲು ನೆಲದ ಮೇಲೆ ಜವಾಬ್ದಾರಿಯಿಂದ ಓಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 2000ದ ಕಾಯ್ದೆ ಬೆಟ್ಟ, ಬಯಲುಗಳನ್ನು ನಕ್ಷೆ ಹಾಕಿ ತೆರೆಯಿತು. ಐರ್ಲೆಂಡ್ ಗಣರಾಜ್ಯದಲ್ಲಿ ಅಂಥ ಕಾನೂನು ಇಲ್ಲ. ಅದಕ್ಕೆ ಕಾರಣ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹದಿನೇಳನೆಯ ಶತಮಾನದಿಂದ ಹತ್ತೊಂಬತ್ತರವರೆಗೆ ಐರ್ಲೆಂಡ್‌ನ ನೆಲ ಬಹುಮಟ್ಟಿಗೆ ಕೆಲವೇ ಜಮೀನ್ದಾರರ ಕೈಯಲ್ಲಿತ್ತು. ಹಳೆಯ ಕಾಡು ಕಡಿದುಹೋಯಿತು, ಉಳಿದ ಚೆಲುವಾದ ಮರಗಳೆಲ್ಲ ಎಸ್ಟೇಟುಗಳ ಎತ್ತರದ ಕಲ್ಲುಗೋಡೆಯೊಳಗೆ ಸೇರಿಕೊಂಡವು. ಆ ಗೋಡೆಗಳಲ್ಲಿ ಕೆಲವನ್ನು 1840ರ ದಶಕದ ಮಹಾಕ್ಷಾಮದಲ್ಲಿ ಹಸಿದವರಿಗೆ ಕೂಲಿ ಕೊಡುವ ನೆಪದಲ್ಲಿ ಕಟ್ಟಿಸಿದರು. ಡೊನೆಗಾಲ್‌ನ ಗ್ಲೆನ್‌ವೇ ಇಂದು ರಾಷ್ಟ್ರೀಯ ಉದ್ಯಾನ. ಕೋಟೆಯ ಸುತ್ತಲಿನ ಹೂದೋಟ ನೋಡಲು ಜನ ದೂರದಿಂದ ಬರುತ್ತಾರೆ. 1861ರ ಏಪ್ರಿಲ್‌ನಲ್ಲಿ ಅದೇ ಸೀಮೆಯಿಂದ 244 ಒಕ್ಕಲು ಮಂದಿಯನ್ನು ಮನೆ ಕೆಡವಿ ಹೊರಹಾಕಲಾಯಿತು. ಕೋಟೆ ಎದ್ದದ್ದು ಆಮೇಲೆ. ತೋಟದ ಅಂದವನ್ನು ಹೊಗಳುವ ಪ್ರವಾಸಿ ಪುಸ್ತಕಗಳು ಈ ಸಂಗತಿಗೆ ಒಂದೆರಡು ಸಾಲು ಕೊಟ್ಟು ಮುಂದೆ ಹೋಗುತ್ತವೆ.

ಹೊರಗಿನವರಿಗೆ ತೆರೆದದ್ದು ಕೆಲವು ಮಾತ್ರ. 1660ರ ದಶಕದಲ್ಲಿ ಜಿಂಕೆಗಳಿಗಾಗಿ ಮಾಡಿದ ಡಬ್ಲಿನ್‌ನ ಫೀನಿಕ್ಸ್ ಪಾರ್ಕ್ 1745ರಲ್ಲಿ ಜನರಿಗೆ ತೆರೆಯಿತು. ಗ್ಲಾಸ್‌ನೆವಿನ್‌ನ ಸಸ್ಯೋದ್ಯಾನ 1795ರಲ್ಲಿ ಹುಟ್ಟಿತು. ಅವೆರಡೂ ರಾಜಧಾನಿಯವು. ಹಳ್ಳಿಗಾಡಿನ ಮನುಷ್ಯನಿಗೆ ಇದ್ದ ಕಾಲುದಾರಿ ಎಂದರೆ ಹೊಲ ದಾಟಿ ಚರ್ಚಿಗೆ ಹೋಗುವ ಸವೆದ ಜಾಡು, ಪೀಟ್ (ಉರುವಲಾಗಿ ಸುಡುವ ಜೌಗುಮಣ್ಣು) ಕಡಿಯಲು ಹೋಗುವ ದಾರಿ, ಸ್ಮಶಾನಕ್ಕೆ ಹೆಣ ಹೊರುವ ದಾರಿ. ಇವನ್ನು ಯಾರೂ ಕಾಗದದಲ್ಲಿ ಬರೆದಿಡಲಿಲ್ಲ. ಎಲ್ಲರಿಗೂ ಗೊತ್ತಿದ್ದುದನ್ನು ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಇಂದಿನ ವ್ಯಾಜ್ಯಗಳಲ್ಲಿ ಅರ್ಧದಷ್ಟು ಅಲ್ಲಿಂದಲೇ ಹುಟ್ಟಿವೆ ಎಂದರೆ ದೊಡ್ಡ ಮಾತಾಗಲಾರದು.

ಆಮೇಲೆ ಭೂಹೋರಾಟ ಬಂತು. 1881ರಲ್ಲಿ ಭೂ ಆಯೋಗ, 1903ರಲ್ಲಿ ವಿಂಡಮ್ ಕಾಯ್ದೆ. ಸರ್ಕಾರದ ಸಾಲ ಪಡೆದು ಗೇಣಿದಾರರು ತಾವು ಉಳುತ್ತಿದ್ದ ನೆಲವನ್ನು ಕೊಂಡರು, ಕಂತು ಕಂತಾಗಿ ತೀರಿಸಿದರು. ‘ಉಳುವವನೇ ಒಡೆಯ’ ಎಂಬ ಮಾತು ಕೇಳಿ ಬೆಳೆದ ಕನ್ನಡ ಓದುಗನಿಗೆ ಇದರ ತೂಕ ಬಿಡಿಸಿ ಹೇಳಬೇಕಿಲ್ಲ. ತಾತ ಪತ್ರ ಕೈಗೆ ಪಡೆದ ಹೊಲದಲ್ಲಿ, ಬಣ್ಣದ ಜಾಕೆಟ್ ತೊಟ್ಟ ಪಟ್ಟಣದವರು ‘ಇದು ನಮ್ಮ ಹಕ್ಕು’ ಎಂದರೆ ಮೊಮ್ಮಗನಿಗೆ ಮೈ ಉರಿಯುವುದು ಸಹಜ. ನಡೆಯುವವರ ಪರ ವಾದಿಸುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ.

ಎಸ್ಟೇಟುಗಳು ಒಡೆದವು, 1919–23ರ ಗಲಭೆಯ ವರ್ಷಗಳಲ್ಲಿ ನೂರಾರು ದೊಡ್ಡ ಮನೆಗಳು ಸುಟ್ಟವು. ತೋಟಗಳ ಗತಿ ಮನೆಗಳಿಗಿಂತ ವಿಚಿತ್ರ. ವಿಕ್ಲೋದ ಕಿಲ್‌ಮಕರಾ ತೋಟದಲ್ಲಿ, ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಸಿಕ್ಕಿಮ್‌ನಿಂದ ಕಳಿಸಿದ ಬೀಜಗಳಿಂದ ಎದ್ದ ರೋಡೋಡೆಂಡ್ರನ್ ಮರಗಳಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಂಟೇ ವರ್ಷಗಳೊಳಗೆ ಮೂವರು ಒಡೆಯರು ತೀರಿಕೊಂಡು, ಇಬ್ಬರು ಯುದ್ಧಕಾಲದಲ್ಲೇ ಸತ್ತು, ಮರಣ ತೆರಿಗೆಯ ಭಾರಕ್ಕೆ ಎಸ್ಟೇಟ್ ಕುಸಿಯಿತು. ಮನೆಯ ಮಾಡು ಹೋಯಿತು, ಮರಗಳು ಹಾಗೇ ಬೆಳೆಯುತ್ತಾ ನಿಂತವು. 1996ರಲ್ಲಿ ಗ್ಲಾಸ್‌ನೆವಿನ್‌ನ ಸಸ್ಯೋದ್ಯಾನದವರು ಅದನ್ನು ವಹಿಸಿಕೊಂಡರು.

ಖಾಸಗಿಯಾಗಿಯೇ ಉಳಿದ ತೋಟಗಳನ್ನು ತೆರೆಸಿದ್ದು ತೆರಿಗೆ ಕಾನೂನು. ಮುಖ್ಯವೆಂದು ಗುರುತಿಸಲಾದ ಮನೆ ಅಥವಾ ತೋಟದ ಒಡೆಯರು ವರ್ಷಕ್ಕೆ ಕನಿಷ್ಠ 60 ದಿನ ಸಾರ್ವಜನಿಕರಿಗೆ ಬಾಗಿಲು ತೆರೆದರೆ, ದುರಸ್ತಿ-ನಿರ್ವಹಣೆಯ ಖರ್ಚಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. 1997ರ ತೆರಿಗೆ ಕಾಯ್ದೆಯ 482ನೇ ಸೆಕ್ಷನ್ ಎಂದೇ ಇದು ಪ್ರಸಿದ್ಧ. ಇಂಥ ತೋಟ ಮೇ ತಿಂಗಳಲ್ಲಿ ತೆರೆದು ಅಕ್ಟೋಬರ್‌ನಲ್ಲಿ ಮುಚ್ಚಿದ್ದರೆ ಹೂವಿನ ಕಾಲದ ಜೊತೆಗೆ ಲೆಕ್ಕಪರಿಶೋಧಕರ ಕಾಲವನ್ನೂ ನೆನೆಯಬೇಕು. ನನ್ನ ಲೆಕ್ಕದಲ್ಲಿ ಈ ಇಡೀ ಇತಿಹಾಸದಲ್ಲಿ ಕೊಡು-ಕೊಳ್ಳುವಿಕೆ ಸ್ಪಷ್ಟವಾಗಿರುವ ಒಪ್ಪಂದ ಇದೊಂದೇ: ಇಷ್ಟು ದಿನ, ಇಷ್ಟು ರಿಯಾಯಿತಿ.

ಕಾಡಿನ ಕತೆ ಬೇರೆ. ಇಪ್ಪತ್ತನೆಯ ಶತಮಾನ ಶುರುವಾದಾಗ ದೇಶದ ನೆಲದಲ್ಲಿ ಕಾಡು ಉಳಿದದ್ದು ನೂರಕ್ಕೆ ಒಂದೋ ಒಂದೂವರೆಯೋ ಪಾಲು. 1904ರಲ್ಲಿ ಸರ್ಕಾರ ವಿಕ್ಲೋದ ಏವನ್‌ಡೇಲ್ ಎಸ್ಟೇಟನ್ನು ಕೊಂಡಿತು. ಅದು ರಾಜಕೀಯ ನಾಯಕ ಚಾರ್ಲ್ಸ್ ಸ್ಟುವರ್ಟ್ ಪಾರ್ನೆಲ್ ಹುಟ್ಟಿದ ಮನೆ. ಅಲ್ಲಿ ಬಗೆಬಗೆಯ ಮರಗಳನ್ನು ಪಟ್ಟೆ ಪಟ್ಟೆಯಾಗಿ ನೆಟ್ಟು ಪರೀಕ್ಷಿಸಿದರು. ಗೆದ್ದದ್ದು ಅಮೆರಿಕದ ಪಶ್ಚಿಮ ಕರಾವಳಿಯ ಸಿಟ್ಕಾ ಸ್ಪ್ರೂಸ್. ಕೃಷಿಗೆ ಬಾರದ ಜೌಗು ನೆಲದಲ್ಲೂ ಸರಸರನೆ ಬೆಳೆದು ಮೂವತ್ತು-ನಲವತ್ತು ವರ್ಷಕ್ಕೆ ಕಡಿಯಲು ಬರುವ ಮರ. ಈಗ ಕಾಡಿನ ಪ್ರಮಾಣ ನೂರಕ್ಕೆ ಹನ್ನೊಂದು ದಾಟಿದೆ, ಅದರಲ್ಲಿ ಅರ್ಧಕ್ಕೆ ಹತ್ತಿರ ಸಿಟ್ಕಾ. ಮಲೆನಾಡಿನ ಅಕೇಶಿಯಾ ತೋಪಿನೊಳಗೆ ನಡೆದವರಿಗೆ ಇಲ್ಲಿನ ಅನುಭವ ಗೊತ್ತಿರುತ್ತದೆ: ಕತ್ತಲು, ಸಾಲು, ಕೆಳಗೆ ಹುಲ್ಲೂ ಇಲ್ಲ.

ಆದರೂ ಸಾಮಾನ್ಯರಿಗೆ ಮರಗಳ ನಡುವೆ ನಡೆಯಲು ಮೊದಲು ಸಿಕ್ಕಿದ್ದು ಈ ಸರ್ಕಾರಿ ತೋಪುಗಳೇ. 1966ರಲ್ಲಿ ಕಾರ್ಕ್ ಕೌಂಟಿಯ ಗೂಗಾನ್ ಬಾರಾ ಮೊದಲ ಅರಣ್ಯ ಉದ್ಯಾನವಾಯಿತು. ರಾಸ್‌ಕಾಮನ್‌ನ ರಾಕಿಂಗ್‌ಹ್ಯಾಮ್ ಎಸ್ಟೇಟಿನ ಮನೆ 1957ರಲ್ಲಿ ಸುಟ್ಟುಹೋದ ಮೇಲೆ ಅದರ ಕಾಡು ಲಾಕ್ ಕೀ ಅರಣ್ಯ ಉದ್ಯಾನವಾಯಿತು. ರಾಷ್ಟ್ರೀಯ ಉದ್ಯಾನಗಳಲ್ಲಿ ಮೊದಲನೆಯದಾದ ಕಿಲಾರ್ನಿ, 1932ರಲ್ಲಿ ಮಕ್‌ರಾಸ್ ಎಸ್ಟೇಟಿನ ಒಡೆಯರು ದೇಶಕ್ಕೆ ಕೊಟ್ಟ ಸುಮಾರು 11,000 ಎಕರೆಯ ದಾನ. ಎಸ್ಟೇಟಿನ ದೊಡ್ಡ ಮನೆಯ ಬಾಗಿಲು ಜನರಿಗೆ ತೆರೆಯಲು ಮಾತ್ರ 1964ರವರೆಗೆ ಕಾಯಬೇಕಾಯಿತು.

ಈಗಿನ ಗೋಜಲು ಗಟ್ಟಿಯಾದದ್ದು 1980ರಿಂದ ಈಚೆಗೆ. ಡಬ್ಲಿನ್ ಬೆಟ್ಟಗಳಲ್ಲಿ ತಿರುಗಿ ಪತ್ರಿಕೆಗೆ ಬರೆಯುತ್ತಿದ್ದ ಜೆ. ಬಿ. ಮಲೋನ್ 1966ರಲ್ಲಿ ವಿಕ್ಲೋ ಬೆಟ್ಟಗಳ ಉದ್ದಕ್ಕೊಂದು ನಡಿಗೆಯ ದಾರಿ ಬೇಕೆಂದು ಬರೆದಿದ್ದರು. 1980ರಲ್ಲಿ ಅದರ ಮೊದಲ ಭಾಗ ತೆರೆಯಿತು; ಹಳದಿ ಬಾಣದ ಗುರುತಿನ ಕಂಬ ನೆಟ್ಟ ದೇಶದ ಮೊದಲ ದೂರದಾರಿ ಈ ವಿಕ್ಲೋ ವೇ. ಸುಮಾರು 130 ಕಿಲೋಮೀಟರ್. ದಾರಿ ಗುರುತಿಸುವುದೆಂದರೆ ಮಲೋನ್ ಅವರಿಗೆ ಮನೆ ಮನೆಗೆ ಹೋಗಿ ರೈತರನ್ನು ಒಪ್ಪಿಸುವ ಕೆಲಸ. ಒಪ್ಪದ ಕಡೆ ದಾರಿ ಬಳಸಿ ಹೋಗಬೇಕು. ಹೀಗಾಗಿ ಅನುಮತಿ ಕೇಳುವ ತಾಪತ್ರಯ ಕಡಿಮೆ ಇದ್ದ ಸರ್ಕಾರಿ ಸ್ಪ್ರೂಸ್ ತೋಪು ಮತ್ತು ಡಾಂಬರು ರಸ್ತೆ, ಇವೆರಡೂ ಐರ್ಲೆಂಡ್‌ನ ಗುರುತಿನ ದಾರಿಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚಾಗಿ ಸೇರಿಕೊಂಡವು. ಎದುರಿಗೇ ಕಾಣುವ ಹಸಿರು ಗುಡ್ಡ ಬಿಟ್ಟು ಕಾರುಗಳ ಪಕ್ಕ ಏಕೆ ನಡೆಯುತ್ತಿದ್ದೇವೆ ಎಂದು ಬೇಸರಪಡುವವರಿಗೆ ಉತ್ತರ ಇಲ್ಲಿದೆ.

1989ರಲ್ಲಿ ಸರ್ಕಾರಿ ಕಾಡುಗಳು ಕ್ವಿಲ್ಚ ಎಂಬ ಸರ್ಕಾರಿ ಸ್ವಾಮ್ಯದ ಕಂಪನಿಗೆ ಹೋದವು. ದೇಶದ ನೆಲದಲ್ಲಿ ಸುಮಾರು ಶೇ. 7 ಅದರ ಕೈಯಲ್ಲಿದೆ. ಕಂಪನಿ ಎಂದ ಮೇಲೆ ಮರ ಮಾರಿ ಲಾಭ ಮಾಡಬೇಕು. ನಡೆಯುವವರಿಗೆ ಗೇಟು ತೆರೆದಿಡುವುದು ಅದು ತಾನೇ ಒಪ್ಪಿಕೊಂಡು ಪಾಲಿಸುತ್ತಿರುವ ನೀತಿ. ನೀತಿ ಒಳ್ಳೆಯದೇ. ನೀತಿಯನ್ನು ಬದಲಿಸಬಹುದು ಎಂಬುದೂ ನಿಜ.

ಅದೇ ಹೊತ್ತಿಗೆ ರೈತರಿಗೊಂದು ಭಯ ಹಿಡಿದಿತ್ತು: ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಪರಿಹಾರ ಯಾರು ಕೊಡಬೇಕು? 1995ರ ಕಾಯ್ದೆಯೊಂದು ಇದಕ್ಕೆ ಉತ್ತರ ಕೊಡಲು ಹೊರಟಿತು. ಹಣ ಕೊಡದೆ ವಿಹಾರಕ್ಕೆ ಬಂದವರನ್ನು ಅದು ಪ್ರತ್ಯೇಕ ವರ್ಗವಾಗಿ ಮಾಡಿತು. ಅವರಿಗೆ ಬೇಕೆಂದೇ ಗಾಯ ಮಾಡಬಾರದು, ಅವರ ಸುರಕ್ಷತೆಯನ್ನು ತೀರಾ ಕಡೆಗಣಿಸಬಾರದು. ಜಮೀನಿನವರ ಹೊಣೆ ಅಷ್ಟೇ. ಪ್ರವೇಶ ಶುಲ್ಕ ತೆಗೆದುಕೊಂಡರೆ ಹೊಣೆ ಹೆಚ್ಚುತ್ತದೆ, ಆದರೆ ವಾಹನ ನಿಲ್ಲಿಸಲು ತಕ್ಕಷ್ಟು ಶುಲ್ಕ ತೆಗೆದುಕೊಳ್ಳಬಹುದು. ಬೆಟ್ಟದ ಬುಡದ ತೋಟದ ಮನೆಯವರು ಬೆಟ್ಟಕ್ಕೆ ಟಿಕೆಟ್ ಕೇಳದೆ ಕಾರಿಗೆ ಮಾತ್ರ ದುಡ್ಡು ಕೇಳುವುದರ ಹಿಂದೆ ಈ ಕಾಯ್ದೆಯೂ ಇದೆ.

2001ರಲ್ಲಿ ಬ್ರಿಟನ್‌ನಿಂದ ಕಾಲುಬಾಯಿ ಜ್ವರ ದಾಟಿ ಬಂತು. ಗಣರಾಜ್ಯದಲ್ಲಿ ಲೌತ್ ಕೌಂಟಿಯಲ್ಲಿ ಒಂದೇ ಕಡೆ ಕಾಣಿಸಿಕೊಂಡರೂ ಇಡೀ ದೇಶದ ಬೆಟ್ಟ, ಉದ್ಯಾನ, ಕಾಡುದಾರಿಗಳು ಮುಚ್ಚಿದವು. ಸಂತ ಪ್ಯಾಟ್ರಿಕ್ ಹಬ್ಬದ ಡಬ್ಲಿನ್ ಮೆರವಣಿಗೆಯೂ ಮುಂದಕ್ಕೆ ಹೋಯಿತು. ನಡೆಯುವವರು ದೂರ ಉಳಿದರು, ರೈತರು ಅದನ್ನು ಗಮನಿಸಿದರು. ಆದರೆ ಬೇಲಿ ಹಾಕಬಹುದು, ಹಾಕಿದರೆ ನಿಲ್ಲುತ್ತದೆ ಎಂಬುದೂ ಕೆಲವು ಕಡೆ ಮನವರಿಕೆಯಾಯಿತು. 2004ರಲ್ಲಿ ರೈತರು, ನಡೆಯುವವರು, ಸರ್ಕಾರದ ಇಲಾಖೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸಲು ಗ್ರಾಮಾಂತರ ಮಂಡಳಿಯೊಂದು ಹುಟ್ಟಿತು. 2008ರಲ್ಲಿ ನಡಿಗೆ ಯೋಜನೆ: ತಮ್ಮ ಹೊಲದಲ್ಲಿ ದಾರಿ ಬಿಟ್ಟ ರೈತರಿಗೆ ಪೊದೆ ಸವರಲು, ತಡಮೆ ರಿಪೇರಿಗೆ, ಚರಂಡಿ ತೆಗೆಯಲು ದುಡ್ಡು. ಗಮನಿಸಬೇಕು, ದುಡ್ಡು ಕೆಲಸಕ್ಕೆ, ದಾರಿ ಬಿಟ್ಟದ್ದಕ್ಕಲ್ಲ. ದಾರಿಗೇ ಬೆಲೆ ಕಟ್ಟಿದರೆ ನಾಳೆ ಅದು ಹಕ್ಕಿನ ಮಾತಾಗುತ್ತದೆ ಎಂಬ ಅಂಜಿಕೆ ಎರಡೂ ಕಡೆ ಇತ್ತು. ಯೋಜನೆ ಒಳ್ಳೆಯ ಕೆಲಸ ಮಾಡಿದೆ. ಹತ್ತು ರೈತರ ಹೊಲ ದಾಟುವ ದಾರಿಯಲ್ಲಿ ಒಬ್ಬರು ಹಿಂದೆ ಸರಿದರೆ ದಾರಿಯೇ ತುಂಡಾಗುತ್ತದೆ ಎಂಬ ದೌರ್ಬಲ್ಯವನ್ನು ಮಾತ್ರ ಅದು ಮುಟ್ಟಲಿಲ್ಲ.

ಎರಡು ಮೊಕದ್ದಮೆಗಳು ಈ ದೌರ್ಬಲ್ಯವನ್ನು ಬಯಲಿಗೆ ತಂದವು. ಸ್ಲೈಗೋದ ಲಿಸಡೆಲ್, ಕ್ರಾಂತಿಕಾರಿ ಕಾನ್ಸ್ಟನ್ಸ್ ಮಾರ್ಕಿಯೆವಿಚ್ ಬೆಳೆದ ಎಸ್ಟೇಟ್. ಹೊಸ ಒಡೆಯರು 2003ರಲ್ಲಿ ಕೊಂಡು, ದುಡ್ಡು ಸುರಿದು ಮನೆ, ತೋಟ ಸರಿಮಾಡಿ ಜನರಿಗೆ ತೆರೆದರು. ಎಸ್ಟೇಟಿನೊಳಗಿನ ದಾರಿಗಳು ಸಾರ್ವಜನಿಕವೆಂದು 2008ರ ಕೊನೆಗೆ ಕೌಂಟಿ ಕೌನ್ಸಿಲ್ ನಿರ್ಣಯ ಮಾಡಿತು, ಎಸ್ಟೇಟ್ ಮುಚ್ಚಿತು. 2010ರಲ್ಲಿ ಹೈಕೋರ್ಟ್ ಸಾರ್ವಜನಿಕರ ಪರ. 2013ರಲ್ಲಿ ಸುಪ್ರೀಂ ಕೋರ್ಟ್ ಬಹುಪಾಲು ಅದನ್ನು ತಿರುವಿಹಾಕಿ, ಸಮುದ್ರದ ಕಡೆಯ ಒಂದು ದಾರಿಯನ್ನಷ್ಟೇ ಜನರದೆಂದು ಉಳಿಸಿತು. ಜನ ತುಂಬಾ ಕಾಲದಿಂದ ಓಡಾಡಿದ್ದಾರೆ ಎಂದಷ್ಟಕ್ಕೇ ಹಕ್ಕು ಹುಟ್ಟುವುದಿಲ್ಲ, ಒಡೆಯರ ಸಹನೆ ಬೇರೆ, ಬಿಟ್ಟುಕೊಡುವುದು ಬೇರೆ ಎಂಬುದು ತೀರ್ಪಿನ ತಿರುಳು. ಕಾನೂನಿನ ದೃಷ್ಟಿಯಲ್ಲಿ ತೀರ್ಪು ಬಿಗಿಯಾಗಿದೆ. ಅಜ್ಜಿಯ ಕಾಲದಿಂದ ಓಡಾಡಿದ ಊರಿನವರಿಗೆ ಅದು ಹೇಗೆ ಕೇಳಿಸಿರಬಹುದು ಎಂಬುದನ್ನೂ ಊಹಿಸಬಹುದು.

ಎರಡನೆಯದು ವಿಕ್ಲೋ ವೇಯಲ್ಲಿ. ಸರ್ಕಾರಿ ಉದ್ಯಾನದ ಜೌಗಿನ ಮೇಲೆ ಹಳೆಯ ರೈಲ್ವೆ ಸ್ಲೀಪರ್‌ಗಳನ್ನು ಹಾಸಿದ್ದ ದಾರಿಯಲ್ಲಿ ಒಬ್ಬ ಮಹಿಳೆ ಎಡವಿ ಬಿದ್ದು ದಾವೆ ಹೂಡಿದರು. 2016ರಲ್ಲಿ ಕೆಳ ನ್ಯಾಯಾಲಯ 40,000 ಯೂರೋ ಕೊಡಿಸಿದಾಗ ಗುಡ್ಡಗಾಡಿನಲ್ಲೆಲ್ಲ ಅದೇ ಮಾತು. ಮರುವರ್ಷ ಹೈಕೋರ್ಟ್ ಅದನ್ನು ರದ್ದುಮಾಡಿತು. ಅಪಾಯ ಗೊತ್ತಿದ್ದು ಒಪ್ಪಿ ಬಂದವರ ವಿಷಯದಲ್ಲಿ ಹೊಣೆ ಕಡಿಮೆ ಎಂದು ಸ್ಪಷ್ಟಪಡಿಸುವ ತಿದ್ದುಪಡಿ 1995ರ ಕಾಯ್ದೆಗೆ ಸೇರಲು 2023 ಬರಬೇಕಾಯಿತು. ಅಷ್ಟು ವರ್ಷ ಪ್ರತಿ ತಡಮೆಯ ಪಕ್ಕ ಒಬ್ಬ ವಕೀಲರೂ ನಿಂತಂತಿತ್ತು.

ಈ ನಡುವೆ ಕಾಡನ್ನೇ ಮಾರುವ ಮಾತು ಬಂತು. 2008ರ ಆರ್ಥಿಕ ಕುಸಿತದ ಬಳಿಕ ಸಾಲ ತೀರಿಸಲು ಸರ್ಕಾರಿ ಆಸ್ತಿ ಮಾರುವ ಪಟ್ಟಿಯಲ್ಲಿ ಕ್ವಿಲ್ಚದ ಮರ ಕಡಿಯುವ ಹಕ್ಕೂ ಸೇರಿತ್ತು. ಕೊಂಡವರು ಗೇಟು ತೆರೆದಿಡುತ್ತಾರೆಯೇ ಎಂಬ ಪ್ರಶ್ನೆಗೆ ಭರವಸೆಗಳು ಬಂದವು, ಜನ ನಂಬಲಿಲ್ಲ. 2013ರ ಜೂನ್‌ನಲ್ಲಿ ಸರ್ಕಾರ ಆ ಯೋಚನೆ ಕೈಬಿಟ್ಟಿತು. ಹತ್ತು ವರ್ಷ ಕಳೆದು, ಹೊಸ ಕಾಡು ನೆಡಲು ಕ್ವಿಲ್ಚ ಬ್ರಿಟನ್‌ನ ಹೂಡಿಕೆ ಸಂಸ್ಥೆಯೊಂದರ ಜೊತೆ ಕೈಜೋಡಿಸಿದ ಸುದ್ದಿ ಬಂದಾಗ ಅದೇ ಅನುಮಾನ ಮತ್ತೆ ತಲೆಯೆತ್ತಿತು.

ಕೋವಿಡ್ ಇದಕ್ಕೆಲ್ಲ ಒತ್ತಡ ತುಂಬಿತು. 2020ರ ಮಾರ್ಚ್ ಕೊನೆಗೆ ಓಡಾಟದ ಮಿತಿ ಮನೆಯಿಂದ ಎರಡು ಕಿಲೋಮೀಟರ್, ಮೇ ತಿಂಗಳಲ್ಲಿ ಐದು. ಅಷ್ಟರೊಳಗೆ ಕಾಡೋ ಪಾರ್ಕೋ ಇದ್ದವರು ಪುಣ್ಯವಂತರು. ನಿರ್ಬಂಧ ಸಡಿಲವಾದಾಗ ವಿಕ್ಲೋದ ಕಿರಿದಾದ ರಸ್ತೆಗಳು ಕಾರಿನಿಂದ ತುಂಬಿದವು. ಬಿಚ್ಚಿಬಿಟ್ಟ ನಾಯಿಗಳು ಕುರಿಗಳ ಮೇಲೆ ಬಿದ್ದವು, ನಾಯಿ ಬೇಡವೆಂಬ ಫಲಕಗಳು ಹೆಚ್ಚಿದವು. ಮರಿ ಹಾಕುವ ಕಾಲದ ಕುರಿಯನ್ನು ಒಂದು ನಾಯಿ ಅಟ್ಟಿದರೆ ಎಷ್ಟು ನಷ್ಟ ಎಂಬುದು ಪಟ್ಟಣದವರಿಗೆ ಹೊಳೆಯುವುದಿಲ್ಲ. ಫಲಕದ ಮುಂದೆಯೇ ನಾಯಿಯ ಬೆಲ್ಟ್ ಬಿಚ್ಚುವವರನ್ನು ಸಮರ್ಥಿಸುವುದು ಕಷ್ಟ.

ಕಾನೂನು ಮಾಡುವ ಬದಲು ನೆಲ ಕೊಳ್ಳುವುದು ಸರ್ಕಾರದ ಈಚಿನ ದಾರಿ. 2019ರಲ್ಲಿ ವಿಕ್ಲೋದ ಲಗಲಾ ಎಸ್ಟೇಟ್ ಮಾರಾಟವಾದಾಗ ಅದು ಖಾಸಗಿಯವರ ಪಾಲಾಗಿತ್ತು. ಆದರೆ 2023ರಲ್ಲಿ ಬಾಯ್ನ್ ಕಣಿವೆಯ ಡೌತ್‌ನಲ್ಲಿ ಸರ್ಕಾರ ಸುಮಾರು 550 ಎಕರೆ ಕೊಂಡಿತು. 2024ರಲ್ಲಿ ಕೆರಿಯ ಕಾನರ್ ಪಾಸ್ ಬಳಿಯ ಬೆಟ್ಟಭೂಮಿ ಹೊಸ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ದುಬಾರಿಯಾದರೂ ಗಟ್ಟಿ ದಾರಿ. ಆದರೆ ಎಲ್ಲವನ್ನೂ ಕೊಳ್ಳಲಾಗದು. ಕೊಳ್ಳಲಾಗದ ನೆಲದಲ್ಲಿ ಹಳೆಯ ಚರ್ಚಿನ ಜಾಡು, ಪೀಟಿನ ದಾರಿಗಳನ್ನು ಹುಡುಕಿ ಅಭಿವೃದ್ಧಿ ಯೋಜನೆಯಲ್ಲಿ ನಮೂದಿಸುವ ಕೆಲಸ ಕೌಂಟಿ ಕೌನ್ಸಿಲ್‌ಗಳದ್ದು. ಯೋಜನಾ ಕಾಯ್ದೆಯ 2010ರ ತಿದ್ದುಪಡಿ ಅದನ್ನು ಅವುಗಳ ಕರ್ತವ್ಯವೆಂದೇ ಮಾಡಿದೆ. ಲಿಸಡೆಲ್‌ನ ವಕೀಲರ ಬಿಲ್ಲು ಕಂಡ ಮೇಲೆ ಬಹಳಷ್ಟು ಕೌಂಟಿಗಳ ಪಟ್ಟಿ ಚಿಕ್ಕದಾಗಿಯೇ ಉಳಿದಿರುವುದು ಆಶ್ಚರ್ಯವಲ್ಲ. ದಾರಿ ತೋರಿಸಿ ಸಾಕ್ಷಿ ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಪಟ್ಟಿ ಬೆಳೆಯುವುದಿದ್ದರೆ ಈಗಲೇ ಬೆಳೆಯಬೇಕು.