ಮೀನಿನಲ್ಲಿ ಭಾರಲೋಹ: ಯಾವ ಲೋಹ, ಯಾವ ಮೀನು, ಯಾವ ಭಾಗ

ನದಿ ಅಥವಾ ಸರೋವರದ ಮೀನಿನಲ್ಲಿ ಭಾರಲೋಹ ಪತ್ತೆಯಾಗಿದೆ ಎಂಬ ಸುದ್ದಿಯಿಂದ ಓದುಗರಿಗೆ ತಿಳಿಯುವುದು ಬಹಳ ಕಡಿಮೆ. ಸಿಕ್ಕಿದ್ದು ಪಾದರಸವೋ, ಸೀಸವೋ, ಕ್ಯಾಡ್ಮಿಯಮ್ಮೋ. ಅದು ಮಾಂಸಖಂಡದಲ್ಲಿತ್ತೋ, ಮೂಳೆಯಲ್ಲಿತ್ತೋ, ಯಕೃತ್ತಿನಲ್ಲಿತ್ತೋ. ಮೀನು ಪಾಚಿ ತಿಂದು ಬೆಳೆದದ್ದೋ, ಬೇರೆ ಮೀನುಗಳನ್ನು ನುಂಗಿ ಬೆಳೆದದ್ದೋ ಎಂಬುದನ್ನು ಹೇಳದಿದ್ದರೆ ಆ ಸುದ್ದಿಯಿಂದ ಭಯ ಹುಟ್ಟಬಹುದೇ ಹೊರತು ತಿಳಿವಳಿಕೆ ಹುಟ್ಟುವುದಿಲ್ಲ. ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತಾಗ ಮಾತ್ರ ಮೀನು ತಿನ್ನುವುದರ ಲಾಭ ಮತ್ತು ಅಪಾಯಗಳನ್ನು ತೂಗಿ ನೋಡಲು ಸಾಧ್ಯ. ತೂಗಿ ನೋಡುವ ಅಗತ್ಯವಂತೂ ಖಂಡಿತ ಇದೆ, ಏಕೆಂದರೆ ಪೋಷಕಾಂಶಗಳು ಸಂಗ್ರಹವಾಗುವ ಅಂಗಗಳಲ್ಲೇ ಕೆಲವು ಲೋಹಗಳೂ ಸಂಗ್ರಹವಾಗುತ್ತವೆ.

ಹಸಿ ಮೀನಿನ 100 ಗ್ರಾಂ ಮಾಂಸದಲ್ಲಿ ಸಾಮಾನ್ಯವಾಗಿ 16ರಿಂದ 20 ಗ್ರಾಂ ಪ್ರೋಟೀನ್ ಇರುತ್ತದೆ. ಅದರೊಂದಿಗೆ ಬಿ12 ಜೀವಸತ್ವ, ಸೆಲೆನಿಯಂ, ಮತ್ತು ಭ್ರೂಣದ ಮಿದುಳಿನ ಬೆಳವಣಿಗೆಗೆ ಬೇಕಾದ ಡಿಎಚ್‌ಎ ಎಂಬ ಒಮೇಗಾ-3 ಕೊಬ್ಬಿನಾಮ್ಲವೂ ದೊರೆಯುತ್ತವೆ. ಮಾಂಸಖಂಡಕ್ಕಿಂತಲೂ ಸಮೃದ್ಧವಾದ ಭಾಗಗಳು ಮೀನಿನಲ್ಲಿವೆ. ಇಡಿಯಾಗಿ ತಿನ್ನುವ ಸಣ್ಣ ಮೀನುಗಳ ಮೂಳೆಯಿಂದ ಸಿಗುವ ಕ್ಯಾಲ್ಸಿಯಂ ದೇಹಕ್ಕೆ ಚೆನ್ನಾಗಿ ಹೀರಲ್ಪಡುತ್ತದೆ. ಬಾಂಗ್ಲಾದೇಶದ ಕೊಳ ಮತ್ತು ಗದ್ದೆನೀರಿನಲ್ಲಿ ಬೆಳೆಯುವ ‘ಮೋಲಾ’ ಎಂಬ ಪುಟ್ಟ ಮೀನಿನಲ್ಲಿ ಎ ಜೀವಸತ್ವ ಅಸಾಧಾರಣ ಪ್ರಮಾಣದಲ್ಲಿದೆ. ಅದರ ಹೆಚ್ಚಿನ ಪಾಲು ಇರುವುದು ಕಣ್ಣು ಮತ್ತು ಒಳಅಂಗಗಳಲ್ಲಿ. ತಲೆ ಕತ್ತರಿಸಿ, ಕರುಳು ತೆಗೆದು ಶುಚಿ ಮಾಡುವಾಗ ಆ ಜೀವಸತ್ವದ ಬಹುಪಾಲು ಕೈತಪ್ಪುತ್ತದೆ. ಇಂಥ ಸಣ್ಣ ಮೀನುಗಳ ಪೋಷಣಾಮೌಲ್ಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಶಕುಂತಲಾ ಹರಕ್‌ಸಿಂಗ್ ಥಿಲ್ಸ್‌ಟೆಡ್ ಅವರಿಗೆ 2021ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದಿತು.

ಸೀಸ ಮತ್ತು ಕ್ಯಾಡ್ಮಿಯಂಗಳು ಸೇರುವ ಜಾಗಗಳೂ ಬಹುಮಟ್ಟಿಗೆ ಇವೇ. ಸೀಸದ ಅಯಾನನ್ನು (ವಿದ್ಯುದಂಶ ಹೊತ್ತ ಪರಮಾಣುವನ್ನು) ಜೀವಕೋಶಗಳು ಕ್ಯಾಲ್ಸಿಯಂ ಎಂದೇ ಭಾವಿಸಿ ಒಳಗೆ ಬಿಟ್ಟುಕೊಳ್ಳುವುದರಿಂದ ಅದು ಕಿವಿರುಗಳ ಮೂಲಕ ನುಗ್ಗಿ ಕೊನೆಗೆ ಮೂಳೆ ಮತ್ತು ಹುರುಪೆಗಳಲ್ಲಿ ನೆಲೆಸುತ್ತದೆ. ಕ್ಯಾಡ್ಮಿಯಂ ಯಕೃತ್ತು ಮತ್ತು ಮೂತ್ರಪಿಂಡಗಳನ್ನು ಸೇರುತ್ತದೆ. ಸತು ಮತ್ತು ತಾಮ್ರಗಳನ್ನು ನಿಭಾಯಿಸುವ ಮೆಟಲೋಥಯೋನೀನ್ ಎಂಬ ಪ್ರೋಟೀನ್ ಅದನ್ನು ಅಲ್ಲಿ ಹಿಡಿದಿಡುತ್ತದೆ. ಕ್ಯಾಲ್ಸಿಯಂ ಹೇರಳವಾಗಿರುವ ಗಡಸು ನೀರಿನಲ್ಲಿ ಈ ಎರಡು ಲೋಹಗಳಿಗೂ ಒಳಹೋಗಲು ಪೈಪೋಟಿ ಎದುರಾಗುತ್ತದೆ. ಆದ್ದರಿಂದ ನೀರಿನಲ್ಲಿ ಅಷ್ಟೇ ಮಾಲಿನ್ಯವಿದ್ದರೂ ಮೆದು ನೀರಿನ ಮೀನು ಹೆಚ್ಚು ಲೋಹವನ್ನು ಹೀರಬಲ್ಲದು.

ಯುರೋಪಿಯನ್ ಒಕ್ಕೂಟದ ನಿಯಮಗಳು ಮೀನಿನಲ್ಲಿ ಸೀಸಕ್ಕೆ ಕಿಲೋಗೆ 0.3 ಮಿಲಿಗ್ರಾಂ, ಹೆಚ್ಚಿನ ಜಾತಿಗಳಲ್ಲಿ ಕ್ಯಾಡ್ಮಿಯಂಗೆ 0.05 ಮಿಲಿಗ್ರಾಂ ಮಿತಿಯನ್ನು ವಿಧಿಸಿವೆ. ಈ ಮಿತಿಗಳು ಅನ್ವಯಿಸುವುದು ಮಾಂಸಖಂಡಕ್ಕೆ. ತಲೆ, ಮೂಳೆ, ಒಳಅಂಗಗಳ ಸಮೇತ ಮೀನನ್ನು ತಿನ್ನುವವರ ವಿಷಯದಲ್ಲಿ ಮಾಂಸಖಂಡವನ್ನು ಮಾತ್ರ ಪರೀಕ್ಷಿಸಿ ‘ಸುರಕ್ಷಿತ’ ಎಂದು ಬರೆಯುವುದು ನನ್ನ ದೃಷ್ಟಿಯಲ್ಲಿ ಅರ್ಧ ಉತ್ತರವಷ್ಟೆ. ಜನ ಯಾವ ರೂಪದಲ್ಲಿ ತಿನ್ನುತ್ತಾರೋ ಅದೇ ರೂಪದಲ್ಲಿ ಮೀನನ್ನು ಪರೀಕ್ಷಿಸಬೇಕು. ಹಾಗೆಂದು ಸಣ್ಣ ಮೀನುಗಳನ್ನು ದೂರವಿಡಬೇಕೆಂದು ಹೇಳುವುದು ಇನ್ನೂ ದೊಡ್ಡ ತಪ್ಪಾದೀತು. ಅವುಗಳ ಆಯುಷ್ಯ ಅಲ್ಪವಾದ್ದರಿಂದ, ಗಣಿ ಅಥವಾ ಕಾರ್ಖಾನೆಯ ತ್ಯಾಜ್ಯ ಸೇರದ ನೀರಿನಲ್ಲಿ ಅವು ಹೆಚ್ಚು ಲೋಹವನ್ನು ಕೂಡಿಹಾಕಿಕೊಳ್ಳಲಾರವು. ಇದಲ್ಲದೆ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿರುವ ಮನುಷ್ಯನ ಕರುಳು ಸೀಸ ಹಾಗೂ ಕ್ಯಾಡ್ಮಿಯಂಗಳನ್ನು ಹೆಚ್ಚಾಗಿ ಹೀರುತ್ತದೆ. ಆ ಕೊರತೆಯನ್ನು ನೀಗಿಸುವ ಆಹಾರಗಳಲ್ಲಿ ಈ ಮೀನುಗಳೂ ಸೇರಿವೆ.

ಪಾದರಸದ ನಡೆ ಪೂರ್ತಿ ಬೇರೆ. ಕಲ್ಲಿದ್ದಲಿನ ಹೊಗೆಯಿಂದಲೋ, ಪಾದರಸ ಬಳಸಿ ಚಿನ್ನ ತೆಗೆಯುವ ಸಣ್ಣ ಗಣಿಗಳಿಂದಲೋ ನೀರು ಸೇರುವ ಪಾದರಸ ಅದೇ ರೂಪದಲ್ಲಿ ಉಳಿದರೆ ಮೀನಿನಲ್ಲಿ ಅಷ್ಟಾಗಿ ಸಂಗ್ರಹವಾಗುವುದಿಲ್ಲ. ತಳದ ಕೆಸರಿನಲ್ಲಿ, ಆಮ್ಲಜನಕವಿಲ್ಲದೆಡೆ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಪರಿವರ್ತಿಸುತ್ತವೆ. ಈ ಪರಿವರ್ತನೆಗೆ ಕಾರಣವಾದ ಎರಡು ಜೀನುಗಳು ಗುರುತಿಗೆ ಬಂದದ್ದು 2013ರಲ್ಲಿ. ಪಾಚಿಯಿಂದ ಸೂಕ್ಷ್ಮಪ್ರಾಣಿಗೆ, ಅಲ್ಲಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ಬೇಟೆ ಮೀನಿಗೆ ದಾಟುತ್ತ ಹೋದಂತೆ ಅದರ ಸಾಂದ್ರತೆ ಪ್ರತಿ ಹಂತದಲ್ಲೂ ಏರಿ, ಸರಪಳಿಯ ತುದಿಯ ಮೀನಿನಲ್ಲಿ ನೀರಿನಲ್ಲಿದ್ದುದರ 10 ಲಕ್ಷ ಪಟ್ಟನ್ನೂ ಮೀರಬಲ್ಲದು. ಆಹಾರ ಸರಪಳಿಯಲ್ಲಿ ಮೇಲೇರಿದಂತೆ ಹೀಗೆ ಹೆಚ್ಚುವ ಸ್ವಭಾವ ಸೀಸಕ್ಕಾಗಲಿ ಕ್ಯಾಡ್ಮಿಯಂಗಾಗಲಿ ಸಾಮಾನ್ಯವಾಗಿ ಇಲ್ಲ.

ಮೀಥೈಲ್ ಪಾದರಸ ಅಂಟಿಕೊಳ್ಳುವುದು ಮಾಂಸಖಂಡದ ಪ್ರೋಟೀನಿನಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಗಂಧಕಕ್ಕೆ. ಅದು ಕೊಬ್ಬಿನಲ್ಲಿ ಇರುವುದಿಲ್ಲವಾದ್ದರಿಂದ ಚರ್ಮ ಸುಲಿದರೂ, ಕೊಬ್ಬು ತೆಗೆದರೂ, ಎಷ್ಟು ಹೊತ್ತು ಬೇಯಿಸಿದರೂ ಹೋಗುವುದಿಲ್ಲ. ಬೇಯುವಾಗ ನೀರಿನಂಶ ಆರುವುದರಿಂದ ಪ್ರತಿ ಗ್ರಾಂ ಲೆಕ್ಕದಲ್ಲಿ ಅದು ಸ್ವಲ್ಪ ಹೆಚ್ಚೇ ಆಗುತ್ತದೆ. ಮನುಷ್ಯನ ದೇಹದಲ್ಲಿ ಸಿಸ್ಟೀನ್ ಜೊತೆಗೂಡಿದ ಈ ಅಣು ಮೆಥಿಯೋನೀನ್ ಎಂಬ ಅಮೈನೋ ಆಮ್ಲವನ್ನು ಹೋಲುವುದರಿಂದ ಮಿದುಳಿನ ರಕ್ಷಣಾ ತಡೆಯನ್ನೂ ಗರ್ಭವೇಷ್ಟನವನ್ನೂ (ಮಾಸನ್ನೂ) ದಾಟಿಬಿಡುತ್ತದೆ. ರಕ್ತದಲ್ಲಿರುವ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 50 ದಿನ ಬೇಕು. 1965ರಲ್ಲಿ ಜಪಾನಿನ ನೀಗಾಟ ಪ್ರಾಂತದ ಅಗಾನೊ ನದಿಯ ಕೆಳಹರಿವಿನಲ್ಲಿ ಕೈಕಾಲು ಮರಗಟ್ಟಿ, ದೃಷ್ಟಿ ಕಿರಿದಾಗಿ, ನಡಿಗೆ ತಪ್ಪಿದ ರೋಗಿಗಳು ಕಂಡುಬಂದಾಗ, ಮೇಲ್ಹರಿವಿನ ಅಸಿಟಾಲ್ಡಿಹೈಡ್ ಕಾರ್ಖಾನೆಯ ತ್ಯಾಜ್ಯದಿಂದ ಹೊರಟ ಪಾದರಸ ನದಿಮೀನಿನ ಮೂಲಕವೇ ಅವರನ್ನು ತಲುಪಿತ್ತು.

ಕಾರ್ಖಾನೆಯೇ ಇಲ್ಲದೆಡೆಯೂ ಈ ಸಮಸ್ಯೆ ಹುಟ್ಟಬಹುದು. ಅಣೆಕಟ್ಟು ಕಟ್ಟಿ ಕಾಡನ್ನು ಮುಳುಗಿಸಿದಾಗ ಕೊಳೆಯುವ ಎಲೆ ಮತ್ತು ಮಣ್ಣು ಆ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ, ಮಣ್ಣಿನಲ್ಲಿ ಮೊದಲಿನಿಂದಲೂ ಇದ್ದ ಪಾದರಸ ಮೀಥೈಲ್ ರೂಪಕ್ಕೆ ತಿರುಗುತ್ತದೆ. ಕೆನಡಾದ ಉತ್ತರ ಕ್ವಿಬೆಕ್‌ನ ಜಲಾಶಯಗಳಲ್ಲಿ ಬೇಟೆ ಮೀನುಗಳ ಪಾದರಸ ಹಳೆಯ ಮಟ್ಟಕ್ಕೆ ಇಳಿಯಲು 20ರಿಂದ 30 ವರ್ಷ ಹಿಡಿಯಿತು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿ 2003ರಲ್ಲಿ ಮೀಥೈಲ್ ಪಾದರಸಕ್ಕೆ ನಿಗದಿ ಮಾಡಿದ ಮಿತಿ, ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಂ. ಅಂದರೆ 60 ಕಿಲೋ ತೂಕದವರಿಗೆ ವಾರಕ್ಕೆ 96 ಮೈಕ್ರೋಗ್ರಾಂ. ಕಿಲೋಗೆ 0.1 ಮಿಲಿಗ್ರಾಂ ಇರುವ ಮೀನಾದರೆ 960 ಗ್ರಾಂ ತಿಂದಾಗ ಈ ಮಿತಿ ಮುಟ್ಟುತ್ತದೆ, ಕಿಲೋಗೆ 0.5 ಮಿಲಿಗ್ರಾಂ ಇರುವ ದೊಡ್ಡ ಬೇಟೆ ಮೀನಾದರೆ 192 ಗ್ರಾಂಗೇ ಮುಟ್ಟುತ್ತದೆ. ಈ ಲೆಕ್ಕ ಹಸಿ ತೂಕದ್ದು ಎಂಬುದನ್ನು ಮರೆಯಬಾರದು. ಮೀನಿನ ಮುಕ್ಕಾಲು ಭಾಗಕ್ಕೂ ಹೆಚ್ಚು ನೀರೇ ಆಗಿರುವುದರಿಂದ ಒಣ ತೂಕದಲ್ಲಿ ಬರೆದ ಸಂಖ್ಯೆ ನಾಲ್ಕೈದು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮತ್ತು ಅದನ್ನು ಹಸಿ ತೂಕದ ಮಿತಿಯೊಂದಿಗೆ ನೇರವಾಗಿ ಹೋಲಿಸಿದರೆ ನಿರಪಾಯವಾದ ಮೀನೂ ವಿಷದಂತೆ ತೋರುತ್ತದೆ. ಇಂಥ ವರದಿಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಈ ಒಂದು ವಿವರವನ್ನೇ.

ಮೀನಿನಲ್ಲಿರುವ ಸೆಲೆನಿಯಂ ಪಾದರಸದೊಂದಿಗೆ ಬಲವಾಗಿ ಬೆಸೆದುಕೊಳ್ಳುತ್ತದೆ. ಪಾದರಸದ ಹಾನಿಯಲ್ಲಿ ಒಂದು ಪಾಲು, ಸೆಲೆನಿಯಂ ಅವಲಂಬಿಸಿದ ಕಿಣ್ವಗಳನ್ನು ಅದು ನಿಷ್ಕ್ರಿಯಗೊಳಿಸುವುದರಿಂದ ಆಗುವಂಥದ್ದು. ಆದರೂ ಸೆಲೆನಿಯಂ ಇದೆಯೆಂಬ ಕಾರಣಕ್ಕೆ ಪಾದರಸದ ಮಿತಿಯನ್ನು ಸಡಿಲಿಸಲು ಸದ್ಯದ ಪುರಾವೆ ಸಾಲದು ಎಂದೇ ನನ್ನ ಅಭಿಪ್ರಾಯ. ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು ಮೀನನ್ನೇ ಬಿಟ್ಟರೆ ಡಿಎಚ್‌ಎಯ ಲಾಭವೂ ತಪ್ಪುತ್ತದೆ. ಪಾಚಿ, ಸಸ್ಯ, ಸೂಕ್ಷ್ಮಪ್ರಾಣಿಗಳನ್ನು ತಿನ್ನುವ ಮೀನುಗಳನ್ನೂ, ಬೇಗ ಬೆಳೆದ ಎಳೆಯ ಮೀನುಗಳನ್ನೂ ಆರಿಸಿಕೊಂಡು ಹಳೆಯ, ದೊಡ್ಡ ಬೇಟೆ ಮೀನುಗಳನ್ನು ಬಿಡುವುದು ಇಬ್ಬರಿಗೂ ಹಿತ.

ಮಾಲಿನ್ಯವನ್ನು ತಡೆದರೆ ಮೀನು ಶುದ್ಧವಾಗುತ್ತದೆಯೇ ಎಂಬುದನ್ನು ಕೆನಡಾದ ಒಂಟಾರಿಯೊದ ಪ್ರಾಯೋಗಿಕ ಸರೋವರ ಪ್ರದೇಶದಲ್ಲಿ ನೇರವಾಗಿ ಪರೀಕ್ಷಿಸಲಾಯಿತು. ಪಾದರಸದ ಪ್ರತ್ಯೇಕವಾಗಿ ಗುರುತಿಸಬಲ್ಲ ಐಸೋಟೋಪುಗಳನ್ನು (ಪರಮಾಣುವಿನ ತೂಕದಲ್ಲಿ ಮಾತ್ರ ಭಿನ್ನವಾದ ರೂಪಗಳನ್ನು) ಒಂದು ಇಡೀ ಸರೋವರಕ್ಕೆ 2001ರಿಂದ ಏಳು ವರ್ಷ ಸೇರಿಸಿ, ಬಳಿಕ ನಿಲ್ಲಿಸಿ, ಮುಂದಿನ ಎಂಟು ವರ್ಷ ಅವುಗಳ ಜಾಡು ಹಿಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸೇರಿಸಿದ್ದ ಪಾದರಸ ಸಣ್ಣ ಮೀನುಗಳಲ್ಲಿ ಶೇ 80ಕ್ಕೂ ಹೆಚ್ಚು, ಪೈಕ್ ಎಂಬ ಬೇಟೆ ಮೀನಿನ ಸಮೂಹದಲ್ಲಿ ಶೇ 76, ವೈಟ್‌ಫಿಶ್ ಸಮೂಹದಲ್ಲಿ ಶೇ 38 ಇಳಿಯಿತು. ಪ್ರತಿಯೊಂದು ಹಳೆಯ ಮೀನೂ ತನ್ನ ಮೈಯ ಪಾದರಸವನ್ನು ತೀರ ನಿಧಾನವಾಗಿ ಹೊರಹಾಕುತ್ತದೆ. ಸಮೂಹದ ಮಟ್ಟ ಇಳಿದದ್ದು ಮುಖ್ಯವಾಗಿ ಶುದ್ಧ ಆಹಾರ ತಿಂದು ಬೆಳೆದ ಹೊಸ ಮೀನುಗಳಿಂದ. ಹಾಗಾಗಿ ಒಂದು ಜಲಮೂಲ ಚೇತರಿಸಿಕೊಳ್ಳುತ್ತಿದೆಯೇ ಎಂದು ತಿಳಿಯಬೇಕಾದವರು ಆಯಾ ವರ್ಷ ಹುಟ್ಟಿದ ಮರಿಮೀನುಗಳನ್ನು ಪರೀಕ್ಷಿಸಿದರೆ ಬದಲಾವಣೆ ಬೇಗ ಕಾಣುತ್ತದೆ, ದೊಡ್ಡ ಮೀನುಗಳಲ್ಲಿ ಅದು ಕಾಣಲು ಹಲವು ವರ್ಷ ಬೇಕಾಗುತ್ತದೆ.